ಕೇಬಲ್ಲಿನ ಬೆಳ್ಳಿಯೂ ಕಂಸಾಳೆಯ ಕಂಚೂ

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲುಮಾರ್ಗದಲ್ಲಿ ಬದನಗುಪ್ಪೆ ಎಂಬ ಪುಟ್ಟ ನಿಲ್ದಾಣವಿದೆ. ಆ ಊರಿನ ಹೆಸರನ್ನು ಕೆಲ್ಲಂಬಳ್ಳಿಯ ಹೆಸರಿನೊಡನೆ ಸೇರಿಸಿ ಸರ್ಕಾರವು ಅಲ್ಲಿ ಕೈಗಾರಿಕಾ ಪ್ರದೇಶವೊಂದನ್ನು ತೆರೆದ ಮೇಲೆ, ಹೊಲಗಳಾಗಿದ್ದ ನೆಲದಲ್ಲಿ ಕಾರ್ಖಾನೆಗಳೆದ್ದು, ಓದಿ ಎಂಜಿನಿಯರುಗಳಾದ ತರುಣರು ಅಲ್ಲಿಯೇ ನೆಲೆನಿಂತು ದುಡಿಯತೊಡಗಿದ್ದಾರೆ. ಸಂಗೀತದಲ್ಲಿ ನಿಜವಾದ ಆಸ್ಥೆಯುಳ್ಳ ಇಂಥ ತರುಣರು, ವರ್ಷಾನುಗಟ್ಟಲೆ ಕೂಡಿಟ್ಟ ಹಣದಿಂದ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್ ಕೊಳ್ಳಬೇಕೆಂದು ಸಂಕಲ್ಪಿಸಿದಾಗ, ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ಅದಕ್ಕೆ ಎಂಥ ಕೇಬಲ್ ಹಾಕಿಸಬೇಕೆಂಬುದು. ಆಂಪ್ಲಿಫೈಯರಿನ ವಿಚಾರ ಆಮೇಲೆ ಬರುತ್ತದೆ. ಕೇಳತಕ್ಕ ಸಂಗೀತದ ಧ್ವನಿಮುದ್ರಣ ಹೇಗಿದೆಯೆಂಬ ವಿಚಾರವಂತೂ ಬರುವುದೇ ಇಲ್ಲ. ಈ ಕ್ರಮವು ತಲೆಕೆಳಗಾದುದೆಂದೂ, ಇದರಿಂದ ಪ್ರಾಮಾಣಿಕವಾಗಿ ದುಡಿದ ಹಣವು ಅಪಾತ್ರಕ್ಕೆ ಸಲ್ಲುತ್ತಿದೆಯೆಂದೂ ನನ್ನ ದೃಢವಾದ ಅಭಿಪ್ರಾಯ.

ಈ ಯಂತ್ರದ ರಚನೆಯನ್ನು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಸಾಧಾರಣ ಹೆಡ್‌ಫೋನಿನಲ್ಲಿ ಅಯಸ್ಕಾಂತದ ಮಗ್ಗುಲಲ್ಲಿ ತಂತಿಯ ಸುರುಳಿಯೊಂದು ಅಲುಗಾಡಿ, ತನಗೆ ಅಂಟಿಸಿರುವ ಪೊರೆಯನ್ನು ನೂಕಿ ಸೆಳೆದು ಶಬ್ದವನ್ನು ಹುಟ್ಟಿಸುತ್ತದೆ. ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನಿನಲ್ಲಿ ಅಯಸ್ಕಾಂತವೂ ಇಲ್ಲ, ಸುರುಳಿಯೂ ಇಲ್ಲ. ರಂಧ್ರಗಳಿಂದ ಕೂಡಿದ ಎರಡು ಲೋಹಫಲಕಗಳ ನಡುವೆ, ಒಂದೆರಡು ಮೈಕ್ರಾನಿನಷ್ಟೇ ದಪ್ಪವಾದ, ತಲೆಗೂದಲೊಂದನ್ನು ಉದ್ದಕ್ಕೆ ಮೂವತ್ತು ಪದರವಾಗಿ ಸೀಳಿದರೆ ದೊರೆಯಬಹುದಾದಷ್ಟು ತೆಳುವಾದ ಪ್ಲಾಸ್ಟಿಕ್ ಪಟಲವನ್ನು ಬಿಗಿದು, ಅದಕ್ಕೆ ಅಚಲವಾದ ಉನ್ನತ ವೋಲ್ಟೇಜಿನ ಆವೇಶವನ್ನು ಕೊಟ್ಟು, ಸಂಗೀತದ ಸಂಕೇತವನ್ನು ಎರಡು ಫಲಕಗಳಿಗೂ ಪರಸ್ಪರ ವಿರುದ್ಧವಾಗಿ ಹಾಯಿಸುತ್ತಾರೆ. ಒಂದು ಫಲಕ ಸೆಳೆಯುವಾಗ ಇನ್ನೊಂದು ನೂಕಿ, ಪಟಲವು ಅಂಚಿನಿಂದ ಅಂಚಿಗೆ ಒಟ್ಟಾಗಿ ಕಂಪಿಸುತ್ತದೆ. ಇದೇ ತತ್ತ್ವದ ಮೇಲೆ 1957ರಲ್ಲಿ ಇಂಗ್ಲೆಂಡಿನ ಪೀಟರ್ ವಾಕರ್ ತಮ್ಮ ಕ್ವಾಡ್ ಸಂಸ್ಥೆಯಿಂದ ಧ್ವನಿವರ್ಧಕವನ್ನು ಹೊರತಂದರು. 1938ರಲ್ಲಿ ಸ್ಥಾಪಿತವಾದ ಜಪಾನಿನ ಸ್ಟ್ಯಾಕ್ಸ್ ಸಂಸ್ಥೆಯು 1960ರಲ್ಲಿ ಅದನ್ನು ಕಿವಿಯ ಅಳತೆಗೆ ಇಳಿಸಿತು.

ಇಂಥ ಪಟಲದ ಮಹಿಮೆಯನ್ನು ಅರಿಯಬೇಕಾದರೆ ನಮ್ಮ ಸೀಮೆಯ ಕಂಸಾಳೆಗಿಂತ ಒಳ್ಳೆಯ ಒರೆಗಲ್ಲು ಬೇಕಿಲ್ಲ. ಮಲೆಯ ಮಹದೇಶ್ವರನ ದೇವರಗುಡ್ಡರು ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳವನ್ನು ಹಿಡಿದು, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆಯ ತಾಳವನ್ನು ಬೀಸಿ ಬಡಿಯುವಾಗ, ಪೆಟ್ಟು ಬಿದ್ದ ಮರುಕ್ಷಣದಲ್ಲಿ ಕಂಚಿನಿಂದ ಅತ್ಯುಚ್ಚ ಶ್ರುತಿಯ ಅಸಂಖ್ಯ ಅನುಸ್ವರಗಳು ಹೊಮ್ಮುತ್ತವೆ. ಅವು ಕಳೆಯುವುದಕ್ಕೆ ಮೊದಲೇ ಮುಂದಿನ ಪೆಟ್ಟು ಬೀಳುತ್ತದೆ. ಭಾರವಾದ ಪೊರೆಯ ಅಗ್ಗದ ಹೆಡ್‌ಫೋನಿನಲ್ಲಿ ಈ ಪೆಟ್ಟುಗಳೆಲ್ಲ ಒಂದರೊಳಗೊಂದು ಕಲಸಿ ಬರಿಯ ಸದ್ದಾಗಿಬಿಡುತ್ತವೆ. ಒಳ್ಳೆಯ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನಿನಲ್ಲಿಯಾದರೋ ತಾಳದ ಅಂಚಿಗೆ ಬಿದ್ದ ಪೆಟ್ಟು ಯಾವುದು, ನಡುವೆ ಬಿದ್ದದ್ದು ಯಾವುದು, ಅಂಗೈ ಒತ್ತಿ ನಾದವನ್ನು ಅಡಗಿಸಿದ್ದು ಎಲ್ಲಿ ಎಂಬುದೆಲ್ಲವೂ ಬಿಡಿಬಿಡಿಯಾಗಿ ಕೇಳುತ್ತದೆ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯಲ್ಲಿ ಒಂದು ಮೀಟು ಕ್ಷೀಣಿಸುತ್ತ ಗಮಕವಾಗಿ ಬಾಗುವುದನ್ನೂ ಹೀಗೆಯೇ ಕೊನೆಯ ಎಳೆಯವರೆಗೆ ಹಿಂಬಾಲಿಸಬಹುದು. ಆದುದರಿಂದ ಈ ಯಂತ್ರದ ಮೇಲಣ ವ್ಯಾಮೋಹವನ್ನು ನಾನು ಆಕ್ಷೇಪಿಸುವವನಲ್ಲ. ಅದು ಯೋಗ್ಯವಾದ ವ್ಯಾಮೋಹವೇ.

ಇನ್ನು ಆಂಪ್ಲಿಫೈಯರು. ಸಾಧಾರಣ ಹೆಡ್‌ಫೋನಿಗೆ ಒಂದೆರಡು ವೋಲ್ಟು ಸಾಕಾದರೆ, ಇದಕ್ಕೆ ನೂರಾರು ವೋಲ್ಟು ಬೇಕು. ಅಂತೆಯೇ ಇದಕ್ಕೆ ಪ್ರತ್ಯೇಕವಾದ ಆಂಪ್ಲಿಫೈಯರು ಅನಿವಾರ್ಯ. ಕೊಳ್ಳುವವನು ಮೊದಲು ನೋಡತಕ್ಕದ್ದು ಪಟಲಕ್ಕೆ ಕೊಡುವ ಸ್ಥಿರವಾದ ಆವೇಶ, ಅಂದರೆ ಬಯಸ್ ವೋಲ್ಟೇಜು, ಹೆಡ್‌ಫೋನಿಗೆ ಹೊಂದುತ್ತದೆಯೇ ಎಂಬುದನ್ನು. ಸ್ಟ್ಯಾಕ್ಸಿನ ಹಳೆಯ ಮಾದರಿಗಳಿಗೆ ಅದು 230 ವೋಲ್ಟು, ಪ್ಲಗ್ಗಿನಲ್ಲಿ ಆರು ಕಡ್ಡಿ. ಹೊಸ ‘ಪ್ರೋ’ ಮಾದರಿಗಳಿಗೆ 580 ವೋಲ್ಟು, ಐದು ಕಡ್ಡಿ. ಅಮೆರಿಕದ ಕಾಸ್ ಸಂಸ್ಥೆಯದಕ್ಕೆ 600 ವೋಲ್ಟು, ಪ್ಲಗ್ಗೇ ಬೇರೆ. ಹಳೆಯ ಆರು ಕಡ್ಡಿಯ ಪ್ಲಗ್ಗು ಐದು ರಂಧ್ರದ ಸಾಕೆಟ್ಟಿನೊಳಕ್ಕೆ ಹೋಗದಂತೆ ಮಾಡಿರುವುದು, ಅಧಿಕ ವೋಲ್ಟೇಜಿಗೆ ಸಿಕ್ಕಿ ಹಳೆಯ ಪಟಲ ಹಾಳಾಗದಿರಲೆಂಬ ದೂರದೃಷ್ಟಿಯಿಂದ. ಪೇಟೆಯಲ್ಲಿ ಸಿಕ್ಕುವ ಅನಾಮಧೇಯ ಅಡಾಪ್ಟರುಗಳಿಂದ ಈ ರಕ್ಷಣೆಯನ್ನು ತಪ್ಪಿಸಹೊರಡುವುದು ವಿವೇಕವಲ್ಲ.

ಎರಡನೆಯದು, ಎಷ್ಟು ವೋಲ್ಟು ಬೇಕೆಂಬ ಲೆಕ್ಕ. 2011ರಲ್ಲಿ ಬಂದ ಸ್ಟ್ಯಾಕ್ಸ್ ಎಸ್‌ಆರ್-009 ಎಂಬ ಪ್ರಸಿದ್ಧ ಮಾದರಿಯನ್ನು ತೆಗೆದುಕೊಳ್ಳೋಣ: 100 ವೋಲ್ಟು ಕೊಟ್ಟರೆ ಅದು 101 ಡೆಸಿಬೆಲ್ ಸದ್ದು ಮಾಡುತ್ತದೆ, ವೋಲ್ಟೇಜು ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಏರುತ್ತದೆ. ಅದೇ ಸಂಸ್ಥೆಯ ಆರಂಭದ ದರ್ಜೆಯ ಆಂಪ್ಲಿಫೈಯರು 280 ವೋಲ್ಟು ಕೊಡಬಲ್ಲುದಾದುದರಿಂದ, ಬರಿಯ ಸದ್ದೇ ಗುರಿಯಾದರೆ ಅದೇ ಸಾಕು. ಅದಕ್ಕಿಂತ ಜೋರಾಗಿ ಕೇಳುವವನು ಕಿವಿಯನ್ನೇ ಕಳೆದುಕೊಂಡಾನು. ಹಾಗಾದರೆ ದೊಡ್ಡ ಆಂಪ್ಲಿಫೈಯರು ಏತಕ್ಕೆ? ಉತ್ತರವಿರುವುದು ಮೇಲಣ ಸ್ಥಾಯಿಯಲ್ಲಿ. ಈ ಹೆಡ್‌ಫೋನು ವಿದ್ಯುತ್ತಿನ ದೃಷ್ಟಿಯಿಂದ ಒಂದು ಧಾರಕ, ಅಂದರೆ ಕೆಪಾಸಿಟರ್; ಎಸ್‌ಆರ್-009ರ ಧಾರಕತೆ ಕೇಬಲ್ಲೂ ಸೇರಿ 110 ಪಿಕೊಫ್ಯಾರಡ್. ಕಂಪನಾಂಕ ಏರಿದಂತೆಲ್ಲ ಧಾರಕವು ಹೆಚ್ಚು ಹೆಚ್ಚು ಪ್ರವಾಹವನ್ನು ಬೇಡುತ್ತದೆ: 300 ವೋಲ್ಟಿನಲ್ಲಿ 20 ಕಿಲೊಹರ್ಟ್ಸಿನ ಸ್ವರವನ್ನು ನುಡಿಸಲು ಸುಮಾರು 4 ಮಿಲಿಆಂಪಿಯರ್ ಬೇಕಾಗುತ್ತದೆ. ಅಂಕಿ ಅಲ್ಪವೆನಿಸಿದರೂ, ನೂರಾರು ವೋಲ್ಟಿನ ಮೇಲೆ ಅಷ್ಟು ಪ್ರವಾಹವನ್ನು ವಕ್ರಗೊಳಿಸದೆ ಕೊಡುವುದಕ್ಕೆ ಸಮರ್ಥವಾದ ವಾಲ್ವುಗಳೋ ಟ್ರಾನ್ಸಿಸ್ಟರುಗಳೋ ಸದಾ ಕಾದು ಬಿಸಿಯಾಗಿ ನಿಂತಿರಬೇಕು. ಒಳ್ಳೆಯ ಆಂಪ್ಲಿಫೈಯರಿನ ಮೈ ಮುಟ್ಟಿದರೆ ಬೆಚ್ಚಗಿರುವುದು ಇದರಿಂದಲೇ. ಕಂಸಾಳೆಯ ಪೆಟ್ಟು ಮೊನೆ ಮುರಿಯದೆ ಬರುವುದೂ ಬಾರದಿರುವುದೂ ಈ ಸಾಮರ್ಥ್ಯವನ್ನು ಅವಲಂಬಿಸಿದೆ. ಆರಂಭದ ದರ್ಜೆಯಿಂದ ಮಧ್ಯಮ ದರ್ಜೆಗೆ ಏರುವಾಗ ಕೊಟ್ಟ ಹಣಕ್ಕೆ ತಕ್ಕ ಫಲವುಂಟು. ಅಲ್ಲಿಂದ ಮೇಲಕ್ಕೆ ಬೆಲೆ ಏರಿದಷ್ಟು ನಾದ ಏರುವುದಿಲ್ಲ. ವಾಲ್ವು ಮೇಲೋ ಟ್ರಾನ್ಸಿಸ್ಟರು ಮೇಲೋ ಎಂಬ ಜಗಳ ಅವರವರ ರುಚಿಗೆ ಬಿಟ್ಟದ್ದು. ನಾನು ಅದರಲ್ಲಿ ಪಕ್ಷ ವಹಿಸುವುದಿಲ್ಲ.

ಈಗ ಕೇಬಲ್ಲಿಗೆ ಬರೋಣ. ಸ್ಟ್ಯಾಕ್ಸಿನ ಕೇಬಲ್ಲನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದು ದುಂಡಗಿರದೆ ಪಟ್ಟಿಯಂತೆ ಅಗಲವಾಗಿಯೂ ಚಪ್ಪಟೆಯಾಗಿಯೂ ಇರುವುದು ಕಾಣುತ್ತದೆ. ಒಳಗಿನ ತಂತಿಗಳು ಒಂದಕ್ಕೊಂದು ತಗಲದಂತೆ ದೂರದೂರ ಮಲಗಿರುತ್ತವೆ. ಅದು ಅಲಂಕಾರಕ್ಕಾಗಿ ಮಾಡಿದ್ದಲ್ಲ. ಎರಡು ತಂತಿಗಳು ಹತ್ತಿರವಾದಷ್ಟೂ ಅವುಗಳ ನಡುವಣ ಧಾರಕತೆ ಹೆಚ್ಚುತ್ತದೆ; ಆ ಧಾರಕತೆಯು ಹೆಡ್‌ಫೋನಿನದರೊಡನೆ ಕೂಡಿ ಆಂಪ್ಲಿಫೈಯರಿನ ಹೆಗಲಿಗೇ ಬೀಳುತ್ತದೆ. ಅಂದವಾಗಿ ಹೆಣೆದ ದಪ್ಪ ಕೇಬಲ್ಲೊಂದು 55 ಪಿಕೊಫ್ಯಾರಡ್ಡನ್ನು ಅಧಿಕವಾಗಿ ಸೇರಿಸಿತೆಂದರೆ, ಆಂಪ್ಲಿಫೈಯರು ಕೊಡಬೇಕಾದ ಪ್ರವಾಹ ಒಂದೂವರೆ ಪಟ್ಟಾಗುತ್ತದೆ. ಅಂದರೆ ನಾದಶುದ್ಧಿಗೆಂದು ಕೊಟ್ಟ ಹಣವು ನಾದಕ್ಕೇ ವಿಘ್ನವನ್ನು ತಂದಂತಾಯಿತು. ಇನ್ನು ತಾಮ್ರದ ಬದಲು ಶುದ್ಧ ಬೆಳ್ಳಿಯನ್ನು ಹಾಕಿಸುವ ವಿಚಾರ. ಬೆಳ್ಳಿಯ ವಾಹಕತೆ ತಾಮ್ರದ್ದಕ್ಕಿಂತ ನೂರಕ್ಕೆ ಐದಾರು ಪಾಲಿನಷ್ಟು ಹೆಚ್ಚು ಎಂಬುದು ಸತ್ಯ. ಆದರೆ ಎರಡೂವರೆ ಮೀಟರಿನ ತಾಮ್ರದ ತಂತಿಯ ರೋಧವೇ ಒಂದು ಓಮಿನ ಸುಮಾರಿನಲ್ಲಿರುವಾಗ, ಅದು ಹೋಗಿ ಸೇರುವ ಹೆಡ್‌ಫೋನಿನ ಪ್ರತಿರೋಧವು 10 ಕಿಲೊಹರ್ಟ್ಸಿನಲ್ಲಿ 1,45,000 ಓಮ್ ಇರುವಾಗ, ಆ ಒಂದು ಓಮಿನಲ್ಲಿ ಐದಾರು ಪಾಲನ್ನು ಉಳಿಸಿ ಯಾರ ಕಿವಿಗೆ ಏನನ್ನು ದಯಪಾಲಿಸಿದಂತಾಯಿತು? ಕೇಬಲ್ಲಿನಿಂದ ಬೇಡತಕ್ಕ ಗುಣಗಳು ಮೂರೇ: ಧಾರಕತೆ ಕಡಮೆಯಿರಬೇಕು, ಉನ್ನತ ವೋಲ್ಟೇಜನ್ನು ತಡೆಯುವ ಗಟ್ಟಿಯಾದ ಹೊದಿಕೆಯಿರಬೇಕು, ಬೇಕಾದುದಕ್ಕಿಂತ ಉದ್ದವಿರಬಾರದು. ತಯಾರಕರು ಹೆಡ್‌ಫೋನಿನೊಡನೆ ಕೊಡುವ ಕೇಬಲ್ಲಿನಲ್ಲಿ ಈ ಮೂರೂ ಸಾಮಾನ್ಯವಾಗಿ ಇದ್ದೇ ಇರುತ್ತವೆ.

ಇದರಲ್ಲಿ ಪರಮ ಪ್ರಮಾಣವಾದ ನಿದರ್ಶನವೊಂದಿದೆ. 1991ರಲ್ಲಿ ಆರ್ಫಿಯಸ್ ಎಂಬ ಹೆಡ್‌ಫೋನನ್ನು ತಂದು ಜಗತ್ತಿನ ಗಮನವನ್ನು ಸೆಳೆದ ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯು, 2015ರಲ್ಲಿ ಅದರ ಉತ್ತರಾಧಿಕಾರಿಯನ್ನು ಪ್ರಕಟಿಸಿದಾಗ, ಉನ್ನತ ವೋಲ್ಟೇಜನ್ನು ಉಂಟುಮಾಡುವ ಆಂಪ್ಲಿಫೈಯರಿನ ಕೊನೆಯ ಹಂತವನ್ನು ಹೆಡ್‌ಫೋನಿನ ಬಟ್ಟಲಿನೊಳಕ್ಕೇ ಸೇರಿಸಿಬಿಟ್ಟಿತು. ಹಣಕ್ಕೆ ಮಿತಿಯೇ ಇಲ್ಲದೆ ಕೆಲಸ ಮಾಡಿದ ಆ ಎಂಜಿನಿಯರುಗಳು ಅಮೂಲ್ಯವಾದ ಕೇಬಲ್ಲೊಂದನ್ನೇ ನೆಚ್ಚಿ ಕೂರಲಿಲ್ಲ. ಉನ್ನತ ವೋಲ್ಟೇಜಿನ ಸಂಗೀತಸಂಕೇತ ಕೇಬಲ್ಲಿನಲ್ಲಿ ಹರಿಯುವ ಪ್ರಸಂಗವನ್ನೇ ಇಲ್ಲವಾಗಿಸಿದರು.

ಗೋಡೆಯ ಸಾಕೆಟ್ಟಿನಿಂದ ಆಂಪ್ಲಿಫೈಯರಿಗೆ ಬರುವ ತಂತಿಗೂ ಸಾವಿರಗಟ್ಟಲೆ ರೂಪಾಯಿ ಕೊಡುವವರಿದ್ದಾರೆ. ನಮ್ಮ ನಾಡಿನಲ್ಲಿ ವಿದ್ಯುತ್ತು ದೂರ ಪ್ರಯಾಣ ಮಾಡುವ ಪರಿಪಾಟಿ 1902ರಲ್ಲಿಯೇ ಆರಂಭವಾಯಿತು. ಶಿವನಸಮುದ್ರದ ಕಾವೇರಿ ಅಂದು 90 ಮೈಲಿಗೂ ಮಿಗಿಲಾದ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸಿದಳು. ಇಂದಿಗೂ ಅಂಥ ಉದ್ದನೆಯ ತಂತಿಗಳ ಮೂಲಕವೇ ಬದನಗುಪ್ಪೆಗೂ ಗುಂಡ್ಲುಪೇಟೆಗೂ ಹರಿದು ಬರುವ ವಿದ್ಯುತ್ತನ್ನು ಕೊನೆಯ ಒಂದೂವರೆ ಮೀಟರಿನ ತಂತಿ ಪಾವನಗೊಳಿಸುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಆ ಹಣದಲ್ಲಿ ಒಳ್ಳೆಯ ಅರ್ತಿಂಗ್ ಮಾಡಿಸಿ, ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ಏರಿಳಿಯುವ ವೋಲ್ಟೇಜಿಗೆ ಸ್ಟೆಬಿಲೈಸರ್ ಇಡಿಸುವುದು ಮೇಲು. ಜಪಾನಿನ ಗೃಹಬಳಕೆಗೆಂದು ಮಾಡಿದ ಹಳೆಯ ಆಂಪ್ಲಿಫೈಯರುಗಳು 100 ವೋಲ್ಟಿನವು. ತರಿಸಿಕೊಂಡವರು ಹಿಂಬದಿಯ ಫಲಕವನ್ನು ಓದದೆ ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಅದೇ ಅದರ ಕೊನೆ. ಹೆಡ್‌ಫೋನಿಗೂ ಇಂಥದೇ ಜೋಪಾನ ಬೇಕು: ಮಳೆಗಾಲದಲ್ಲಿ ಅದಕ್ಕೆ ತೇವ ತಗಲಿದರೆ ಪಟಲದ ಆವೇಶ ಸೋರಿ ಒಂದು ಕಿವಿ ಮಂದವಾಗುವುದುಂಟು. ಒಣಗಿದ ಪೆಟ್ಟಿಗೆಯಲ್ಲಿ ಇಟ್ಟರೆ ಸಾಕು.

‘ನಿಮ್ಮ ಲೆಕ್ಕ ಏನಾದರೂ ಹೇಳಲಿ, ನನ್ನ ಕಿವಿಗೆ ವ್ಯತ್ಯಾಸ ಕೇಳುತ್ತದೆ’ ಎನ್ನುವವರನ್ನು ನಾನು ಸುಳ್ಳುಗಾರರೆಂದು ಭಾವಿಸುವುದಿಲ್ಲ. ಮನಸ್ಸು ನಿರೀಕ್ಷಿಸಿದುದನ್ನು ಕಿವಿ ಕೇಳುವುದು ಮನುಷ್ಯಸಹಜವಾದ ಧರ್ಮ. ಆದರೆ ಪರೀಕ್ಷೆಯ ಮಾರ್ಗ ಸುಲಭವಾಗಿದೆ. ಎರಡು ಕೇಬಲ್ಲುಗಳ ಸದ್ದನ್ನು ಸಮನಾಗಿ ಹೊಂದಿಸಿ, ಯಾವುದನ್ನು ಹಾಕಿದ್ದಾರೆಂದು ಕಾಣದಂತೆ ಮನೆಯವರೊಬ್ಬರಿಂದ ಹತ್ತಾರು ಸಲ ಬದಲಾಯಿಸಿಸಿ, ಪ್ರತಿ ಸಲವೂ ಉತ್ತರವನ್ನು ಬರೆದಿಡಲಿ. ಮಾರಾಟಗಾರರಾದವರು ಇಂಥ ಪರೀಕ್ಷೆಗೆ ಗ್ರಾಹಕನಿಗೆ ಅವಕಾಶ ಮಾಡಿಕೊಡಬೇಕೆಂದೂ, ಕೇಬಲ್ಲಿನ ಪೆಟ್ಟಿಗೆಯ ಮೇಲೆ ಸ್ತುತಿವಾಕ್ಯಗಳ ಬದಲು ಅದರ ಧಾರಕತೆ ಮೀಟರಿಗೆ ಎಷ್ಟೆಂಬುದನ್ನು ಮುದ್ರಿಸಬೇಕೆಂದೂ ಆಗ್ರಹಪಡಿಸುವ ಹಕ್ಕು ಕೊಳ್ಳುವವನಿಗೆ ಇದೆ.

ಹೀಗೆ ಉಳಿದ ಹಣ ಎಲ್ಲಿಗೆ ಸಲ್ಲಬೇಕೆಂಬುದಕ್ಕೆ ಈ ಪ್ರಾಂತದವರು ದೂರ ಹುಡುಕಬೇಕಾಗಿಲ್ಲ. ಅರಿಕುಠಾರವೆಂಬ ಹೆಸರಿನ ಊರು ಚಾಮರಾಜನಗರವಾದದ್ದು ಯಾವ ಒಡೆಯರ ಮನೆತನದಿಂದಲೋ, ಆ ಮನೆತನದ ಕೊನೆಯ ದೊರೆ ಜಯಚಾಮರಾಜೇಂದ್ರ ಒಡೆಯರು ಸ್ವತಃ ವಾಗ್ಗೇಯಕಾರರಾಗಿದ್ದು, ಪಾಶ್ಚಾತ್ಯ ಸಂಗೀತದಲ್ಲಿಯೂ ಪಾರಂಗತರಾಗಿದ್ದು, ಗ್ರಾಮಫೋನ್ ತಟ್ಟೆಗಳ ಮಹಾಭಂಡಾರವನ್ನೂ ಶ್ರೇಷ್ಠ ಧ್ವನಿವರ್ಧಕಗಳನ್ನೂ ಅರಮನೆಯಲ್ಲಿ ಇಟ್ಟುಕೊಂಡಿದ್ದವರು. ಆದರೆ ಅವರ ಔದಾರ್ಯ ಯಂತ್ರಗಳಲ್ಲಿ ನಿಲ್ಲಲಿಲ್ಲ. ರಷ್ಯದಿಂದ ಹೊರಬಂದು ಲಂಡನ್ನಿನಲ್ಲಿ ಮುಪ್ಪಿನಲ್ಲಿಯೂ ಅನಾರೋಗ್ಯದಲ್ಲಿಯೂ ಕಾಲ ಕಳೆಯುತ್ತಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಕಾರನ ಕೃತಿಗಳನ್ನು ಆತನ ಕೈಯಿಂದಲೇ ಪಿಯಾನೊದಲ್ಲಿ ನುಡಿಸಿಸಿ ಎಚ್‌ಎಂವಿ ಸಂಸ್ಥೆ ಮುದ್ರಿಸುವುದಕ್ಕೆ ಅವರು ಹಣ ಕೊಟ್ಟರು. ಕೃತಜ್ಞನಾದ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಂಚರ್ಟೊವನ್ನು ಅವರಿಗೆ ಅರ್ಪಿಸಿ 1951ರಲ್ಲಿ ತೀರಿಕೊಂಡನು. 1948ರಲ್ಲಿ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಪ್ರಥಮಾಧ್ಯಕ್ಷರೂ ಆದರು. ಇಂದು ಆ ಮುದುಕನ ಬೆರಳಿನ ಸ್ಪರ್ಶವನ್ನು ಯಾರಾದರೂ ಯಾವ ಹೆಡ್‌ಫೋನಿನಲ್ಲಾದರೂ ಕೇಳಬಹುದಾಗಿದ್ದರೆ, ಅದು ಮೈಸೂರಿನ ಹಣವು ಧ್ವನಿಮುದ್ರಣಕ್ಕೆ ಸಂದುದರ ಫಲ.

ಮಂಟೇಸ್ವಾಮಿಯ ಕಥೆಯನ್ನು ಹಾಡುವ ನಮ್ಮ ನೀಲಗಾರರ ಕಥನಗಳಿಗೆ ಅಂಥ ಭಾಗ್ಯ ಇನ್ನೂ ಸಾಕಷ್ಟು ಒದಗಿಲ್ಲ. ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ಧ್ವನಿಸುರುಳಿಗಳು ಆ ಕಥೆಯನ್ನು ಮನೆಮನೆಗೂ ಮುಟ್ಟಿಸಿದ ಉಪಕಾರವನ್ನು ಮರೆಯಲಾಗದು. ಆದರೆ ತಂಬೂರಿ, ಗಗ್ಗರ, ಡಕ್ಕೆಗಳ ನಡುವೆ ಕುಳಿತು ರಾತ್ರಿಯಿಡೀ ಹಾಡುವ ಮೇಳದ ನಾದವನ್ನು, ಅದು ಇದ್ದಂತೆಯೇ, ಪಟಲದ ಸೂಕ್ಷ್ಮತೆಗೆ ತಕ್ಕಂತೆ ಹಿಡಿದಿಟ್ಟ ಮುದ್ರಣಗಳು ವಿರಳ. ಆ ಕೆಲಸಕ್ಕೆ ಬೇಕಾದ ಕಂಡೆನ್ಸರ್ ಮೈಕ್ರೋಫೋನು 1916ರಲ್ಲಿ ಅಮೆರಿಕದ ಇ. ಸಿ. ವೆಂಟೆ ಎಂಬ ವಿಜ್ಞಾನಿ ರೂಪಿಸಿದ ಸಾಧನ. ಆವೇಶಗೊಂಡ ತೆಳುವಾದ ಪಟಲವೇ ಅದರ ಜೀವಾಳ, ಹೆಡ್‌ಫೋನಿನ ತತ್ತ್ವವೇ ಅಲ್ಲಿ ಹಿಮ್ಮುಖವಾಗಿ ಕೆಲಸ ಮಾಡುತ್ತದೆ. ಅಂಥ ಒಳ್ಳೆಯ ಎರಡು ಮೈಕ್ರೋಫೋನುಗಳೂ ಕೈಚೀಲದಲ್ಲಿ ಹಿಡಿಯುವ ಒಂದು ರೆಕಾರ್ಡರೂ ಅನೇಕ ಬೆಳ್ಳಿಯ ಕೇಬಲ್ಲುಗಳಿಗಿಂತ ಕಡಮೆ ಬೆಲೆಗೆ ದೊರೆಯುತ್ತವೆ. ಬದನಗುಪ್ಪೆಯ ನಾಲ್ವರು ತರುಣರು ಕೂಡಿ ಅವನ್ನು ಕೊಂಡು, ಕೊಳ್ಳೇಗಾಲದ ಸೀಮೆಯ ಚಿಕ್ಕಲ್ಲೂರಿನಲ್ಲಿ ಮಂಟೇಸ್ವಾಮಿ ಪರಂಪರೆಯ ಜಾತ್ರೆ ನೆರೆಯುವುದಕ್ಕೆ ಮುಂಚೆ, ಜಾತ್ರೆಯ ಲೌಡ್‌ಸ್ಪೀಕರಿನ ಗದ್ದಲವಿಲ್ಲದ ಯಾವುದಾದರೂ ಜಗಲಿಯ ಮೇಲೆ ಮೇಳವನ್ನು ಕೂರಿಸಿ, ಗಾಯಕರಿಗೆ ತಕ್ಕ ಸಂಭಾವನೆಯನ್ನೂ ಮುದ್ರಣದ ಮೇಲೆ ಅವರ ಹಕ್ಕನ್ನೂ ಬರವಣಿಗೆಯಲ್ಲಿ ಒಪ್ಪಿಸಿ, ಮೈಕ್ರೋಫೋನುಗಳನ್ನು ಹಾಡುವವನ ಬಾಯಿಗೆ ಒತ್ತದೆ ಇಡೀ ಮೇಳ ಹಿಡಿಯುವಷ್ಟು ಹಿಂದಕ್ಕೆ, ಎರಡು ಮೂರು ಮಾರು ದೂರದಲ್ಲಿ, ನಿಲ್ಲಿಸಲಿ.