ಹಲ್ಲು ನೋಡಿ ಎತ್ತು, ಟೈರು ನೋಡಿ ಕಾರು

ಫಲಿತಾಂಶ ಬಂದು ಸೀಟಿನ ಗಡಿಬಿಡಿ ಮುಗಿದ ಮೇಲೆ ಮನೆಗಳಲ್ಲಿ ಶುರುವಾಗುವುದು ಗಾಡಿಯ ಮಾತು. "ಸೀಟು ಸಿಗಲಿ, ನೋಡೋಣ" ಎಂದು ಅಪ್ಪ ಯಾವುದೋ ಒಳ್ಳೆಯ ಗಳಿಗೆಯಲ್ಲಿ ಆಡಿರುತ್ತಾರೆ. ಅವರು ಮರೆತಿರುತ್ತಾರೆ, ಮಗ ಮರೆತಿರುವುದಿಲ್ಲ.

ಮೈಸೂರಿನ ನಮ್ಮ ಬೀದಿಯಲ್ಲಿ ಬ್ಯಾಂಕಿನಲ್ಲಿರುವ ಸ್ನೇಹಿತರೊಬ್ಬರ ಮನೆಯಲ್ಲೂ ಇದೇ ಆಯಿತು. ಮಗ ಎಂಜಿನಿಯರಿಂಗ್ ಎರಡನೇ ವರ್ಷ. ಮನೆಯಲ್ಲಿ ಅಜ್ಜಿಗೆ ಡಯಾಲಿಸಿಸ್, ವಾರಕ್ಕೆ ಎರಡು ಸಲ ಆಸ್ಪತ್ರೆ. ಬೆಳಗಿನ ಆರಕ್ಕೆ ಆಟೋ ಸಿಗದೆ ಮಳೆಯಲ್ಲಿ ನಿಂತದ್ದೂ ಉಂಟು. ಕಾರು ಬೇಕೆಂಬುದರಲ್ಲಿ ಅಪ್ಪ ಮಗನಿಗೆ ಜಗಳವಿರಲಿಲ್ಲ, ಯಾವ ಕಾರು ಎಂಬುದರಲ್ಲಿ ಇತ್ತು. ಕೂಡಿಟ್ಟ ನಾಲ್ಕು ಲಕ್ಷದಲ್ಲಿ ಅಪ್ಪನಿಗೆ ಬೇಕಾದದ್ದು ಅಜ್ಜಿ ಬಗ್ಗದೆ ಹತ್ತಿ ಕೂರಬಹುದಾದ ಸೆಕೆಂಡ್ ಹ್ಯಾಂಡ್ ಕಾರು. ಮಗನಿಗೆ ಬೇಕಾದದ್ದು 2002ರ ಹೊಂಡಾ ಸಿಟಿ, ಅದೂ ವಿಟೆಕ್.

"ಮೇಷ್ಟ್ರೇ, ನಿಮ್ಮ ಮಾತಾದರೆ ಕೇಳ್ತಾನೆ, ಸ್ವಲ್ಪ ಬುದ್ಧಿ ಹೇಳಿ" ಎಂದು ಅವರು ನನ್ನನ್ನು ಕರೆದರು. ಬುದ್ಧಿ ಹೇಳುವ ಯೋಗ್ಯತೆ ನನಗೆಲ್ಲಿಂದ ಬರಬೇಕು? ನಾನೇ ಒಂದು ಕಾಲಕ್ಕೆ ಪ್ರೀಮಿಯರ್ ಪದ್ಮಿನಿಯ ಹುಚ್ಚು ಹತ್ತಿಸಿಕೊಂಡವನು. ಎಲ್ಲರೂ ಮಾರುತಿ 800 ಕೊಳ್ಳುತ್ತಿದ್ದಾಗ, ಸ್ಟೇರಿಂಗ್ ಪಕ್ಕದಲ್ಲೇ ಗೇರು ಹಾಕುವ ಸುಖಕ್ಕೆಂದು ಹಳೆಯ ಪದ್ಮಿನಿ ತಂದು ಚಳಿಗಾಲದ ಬೆಳಗ್ಗೆ ಚೋಕ್ ಎಳೆದು ಎಳೆದು ಬೀದಿಯವರ ನಿದ್ದೆ ಕೆಡಿಸಿದವನು.

ಕಾರಿನ ಅಭಿರುಚಿ ಎನ್ನುವುದು ಸಂಗೀತದ ಹಾಗೆ, ವಾದಿಸಿ ಬದಲಿಸುವಂಥದ್ದಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವವರೆಗೆ ನಮ್ಮ ದೇಶದಲ್ಲಿ ಹೆಚ್ಚಿನವರ ಪಾಲಿಗೆ ಇದ್ದದ್ದು ಅಂಬಾಸಿಡರ್ ಇಲ್ಲವೇ ಪದ್ಮಿನಿ. ಆಯ್ಕೆ ಕಡಿಮೆ ಇದ್ದಾಗ ರುಚಿ ಹೆಚ್ಚುತ್ತದೋ ಏನೋ. ಕಾಂಟೆಸ್ಸಾದ ಅಗಲ ನೋಡಿ ಮರುಳಾದವರು ಇಂದಿಗೂ ಇದ್ದಾರೆ. ನಮ್ಮ ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ ಮಾಡಿದ ಡಾಲ್ಫಿನ್ ಎಂಬ ಫೈಬರ್ ಮೈಯ ಪುಟ್ಟ ಕಾರು ಎಷ್ಟು ಜನರಿಗೆ ನೆನಪಿದೆ? ಮಾರುತಿಯ ಎದುರು ಅದು ನಿಲ್ಲಲಿಲ್ಲ. ಆದರೆ ಅದರ ಹೆಸರೆತ್ತಿದರೆ ಕಣ್ಣರಳಿಸುವವರನ್ನು ನಾನು ಕಂಡಿದ್ದೇನೆ. ಎಂಜಿನ್ ಹೇಗಾದರೂ ಇರಲಿ, ನಂಬರ್ ಪ್ಲೇಟಿನಲ್ಲಿ 'ಎಂ.ವೈ.' ಎಂಬ ಹಳೆಯ ಮೈಸೂರಿನ ಅಕ್ಷರಗಳಿದ್ದರೆ ಸಾಕು ಎನ್ನುವ ರಸಿಕರದ್ದು ಬೇರೆಯೇ ಪಂಗಡ.

ಈ ಹುಡುಗನ ಸಿಟಿಯೂ ಅಂಥ ಒಂದು ರುಚಿ. ಆ ಮೊದಲ ತಲೆಮಾರಿನ ಸಿಟಿ 1998ರಲ್ಲಿ ನಮ್ಮಲ್ಲಿಗೆ ಬಂತು, 2003ಕ್ಕೆ ನಿಂತಿತು. ಅದರ ಒಂದೂವರೆ ಲೀಟರಿನ ವಿಟೆಕ್ ಎಂಜಿನ್ನಿಗೆ 106 ಕುದುರೆಗಳ ಶಕ್ತಿ. ಇದನ್ನೆಲ್ಲ ಹುಡುಗ ಮಗ್ಗಿಯಂತೆ ಒಪ್ಪಿಸಿದ. "ಅಂಕಲ್, ಇದು ಅಗ್ಗಕ್ಕೆ ಸಿಗುತ್ತೆ. ಉಳಿದ ದುಡ್ಡಲ್ಲಿ ರಿಪೇರಿ ಮಾಡಿಸಬಹುದು."

ಲೆಕ್ಕ ಸರಿಯಾಗಿಯೇ ಕಾಣುತ್ತದೆ, ನಾನೂ ಅದನ್ನೇ ಮಾಡಿದ್ದೆ. ಆದರೆ 15 ವರ್ಷ ದಾಟಿದ ಖಾಸಗಿ ಕಾರಿಗೆ ಐದೈದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಿಸಬೇಕು. 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲಿನಲ್ಲಿ 5,000 ಆಯಿತು. ಅದರ ಮೇಲೆ ಹಸಿರು ತೆರಿಗೆ. ಇಷ್ಟನ್ನು ಕೊಟ್ಟೇವು ಅಂದುಕೊಳ್ಳಿ. ತಯಾರಾಗುವುದು ನಿಂತ ಮಾದರಿಯ ಒಂದು ಸಣ್ಣ ಭಾಗ ಕೆಟ್ಟರೆ ಅದು ಸಿಗುವವರೆಗೆ ಕಾರು ಷೆಡ್ಡಿನಲ್ಲಿ ಕೂರುತ್ತದೆ. ಹವ್ಯಾಸಕ್ಕೆ ಇಟ್ಟುಕೊಂಡ ಕಾರು ಎರಡು ತಿಂಗಳು ನಿಂತರೆ ಅದೂ ಒಂದು ಸುಖವೇ, ಸ್ನೇಹಿತರೊಂದಿಗೆ ಹಂಚಿಕೊಳ್ಳಲು ಒಂದು ಕಥೆ. ಗುರುವಾರದ ಡಯಾಲಿಸಿಸ್ ಕಾಯುವುದಿಲ್ಲ. ಇನ್ನೊಂದು ಮಾತು: ಚಾಲಕನ ಏರ್‌ಬ್ಯಾಗ್ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಅದಕ್ಕಿಂತ ಹಿಂದಿನ ಸಾಧಾರಣ ಬೆಲೆಯ ಕಾರುಗಳಲ್ಲಿ ಅದು ಇದ್ದರೆ ಅದೃಷ್ಟ. ಈ ಮಾತು ಕೇಳಿ ಹುಡುಗನ ತಾಯಿ ಅಡುಗೆಮನೆಯಿಂದಲೇ ತೀರ್ಪು ಕೊಟ್ಟುಬಿಟ್ಟರು.

ಹುಡುಗ ಸಪ್ಪಗಾದ. ಆದರೆ ಅವನ ತಲೆಯಲ್ಲಿದ್ದ ವಿದ್ಯೆಯನ್ನು ಹಾಳುಮಾಡುವುದು ನನಗಿಷ್ಟವಿರಲಿಲ್ಲ. "ಕಾರು ಯಾವುದೆಂದು ಅಪ್ಪ ಹೇಳಲಿ, ಕಾರು ಹೇಗಿದೆಯೆಂದು ನೀನು ಹೇಳು. ನಾಳೆ ಟಾರ್ಚು ತಗೊಂಡು ಬಾ" ಎಂದೆ.

ನಮ್ಮ ತಾತ ಚುಂಚನಕಟ್ಟೆ ಜಾತ್ರೆಗೆ ಎತ್ತು ಕೊಳ್ಳಲು ಹೋಗುತ್ತಿದ್ದರು. ಮಾರುವವನು ವಯಸ್ಸು ಎಷ್ಟೇ ಹೇಳಲಿ, ತಾತ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನೇರವಾಗಿ ಬಾಯಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ನೋಡುತ್ತಿದ್ದರು. ಆಮೇಲೆ ಸುಳಿ, ಆಮೇಲೆ ನಡಿಗೆ. ದರ ಮಾತ್ರ ಟವೆಲ್ಲಿನ ಕೆಳಗೆ ಬೆರಳು ಹಿಡಿದು. ಕಾರಿಗೂ ಹಲ್ಲಿದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳನ್ನು ಒತ್ತಿರುತ್ತಾರೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 1418 ಎಂದರೆ 2018ರ ಹದಿನಾಲ್ಕನೇ ವಾರ ತಯಾರಾದ ಟೈರು.

ನಾವು ನೋಡಿದ ಮೊದಲ ಕಾರು 2015ರದ್ದು. ಪಾಲಿಷ್ ಎಷ್ಟಿತ್ತೆಂದರೆ ಮುಖ ಕಾಣುತ್ತಿತ್ತು. ಮೀಟರು ತೋರಿಸಿದ್ದು 31 ಸಾವಿರ ಕಿಲೋಮೀಟರು. "ಡಾಕ್ಟರ್ ಗಾಡಿ ಸಾರ್, ಮನೆಯಿಂದ ಕ್ಲಿನಿಕ್ಕಿಗೆ ಅಷ್ಟೇ" ಎಂದ ದಲ್ಲಾಳಿ. (ಮಾರಾಟಕ್ಕಿರುವ ಕಾರುಗಳೆಲ್ಲ ಡಾಕ್ಟರುಗಳವೇ ಏಕೆ ಎಂಬುದು ನನಗೆ ಇಂದಿಗೂ ತಿಳಿಯದು.) ಹುಡುಗ ಕುಕ್ಕರಗಾಲಿನಲ್ಲಿ ಕೂತು ನಾಲ್ಕೂ ಟೈರು ಓದಿದ. ನಾಲ್ಕೂ 2018ರವು. ಮೆಲ್ಲಗೆ ನನ್ನ ಹತ್ತಿರ ಬಂದು, "ಅಂಕಲ್, ದಿನಾ ಕ್ಲಿನಿಕ್ಕಿಗೆ ಹೋಗಿ ಬಂದ ಕಾರಿಗೆ ಮೂರೇ ವರ್ಷಕ್ಕೆ ನಾಲ್ಕೂ ಟೈರು ಯಾಕೆ ಬದಲಿಸಿದರು?" ಎಂದ. ಬ್ರೇಕ್ ಪೆಡಲಿನ ರಬ್ಬರು ನೋಡಿದೆವು, ಗೆರೆಗಳೆಲ್ಲ ಸವೆದು ನುಣ್ಣಗಾಗಿತ್ತು. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಪೆಡಲನ್ನು ತಿರುಗಿಸಲಾಗದು. ನಮಸ್ಕಾರ ಹೇಳಿ ಬಂದೆವು.

ಎರಡನೆಯದು ಬೆಂಗಳೂರಿನಿಂದ ಬಂದದ್ದು, ಬೆಲೆ ಆಶ್ಚರ್ಯವಾಗುವಷ್ಟು ಕಡಿಮೆ. ಬಾಗಿಲು ತೆಗೆದೊಡನೆ ಸುಗಂಧ ದ್ರವ್ಯದ ವಾಸನೆ ಮುಖಕ್ಕೆ ಬಡಿಯಿತು. ಹುಡುಗ ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆದ. ಯಾರೂ ಎಳೆಯದ ಆ ಕೊನೆಯ ಒಂದು ಗೇಣಿನಲ್ಲಿ ಒಣಗಿದ ಕೆಸರಿನ ಕಲೆ. ಸೀಟಿನ ಕೆಳಗಿನ ಹಳಿಗಳಿಗೆ ತುಕ್ಕು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಎಷ್ಟು ಕಾರುಗಳು ನೀರಿನಲ್ಲಿ ನಿಂತಿದ್ದವೆಂದು ನಾವೆಲ್ಲ ಚಿತ್ರ ನೋಡಿದ್ದೇವೆ. ಅವೆಲ್ಲ ಗುಜರಿಗೆ ಹೋಗಲಿಲ್ಲ. ನೀರು ಕುಡಿದ ಕಾರು ನೋಡಲು ಚೆನ್ನಾಗಿಯೇ ಇರುತ್ತದೆ. ವೈರಿಂಗಿನ ಕೀಲುಗಳು ಒಳಗೊಳಗೇ ಹಸಿರುಗಟ್ಟಿ, ಒಂದು ದಿನ ಎಲ್ಲೋ ನಡುದಾರಿಯಲ್ಲಿ ಕೈಕೊಡುತ್ತವೆ.

ಮೂರನೆಯದು ನಿವೃತ್ತ ನರ್ಸ್ ಒಬ್ಬರ ವ್ಯಾಗನ್ ಆರ್, 2019ರ ಕೊನೆಯದು. ಎಡಬಾಗಿಲಿನಲ್ಲಿ ನೆಗ್ಗು, ಬಣ್ಣ ಮಂಕು. ಹುಡುಗನಿಗೆ ನೋಡಿದೊಡನೆ ಅರ್ಧ ಉತ್ಸಾಹ ಇಳಿಯಿತು. ಆ ತಾಯಿ ಒಂದು ಪ್ಲಾಸ್ಟಿಕ್ ಚೀಲ ತಂದಿಟ್ಟರು. ಮೊದಲ ಸರ್ವಿಸಿನಿಂದ ಹಿಡಿದು ಎಲ್ಲ ರಸೀತಿ, ದಿನಾಂಕದ ಪ್ರಕಾರ ಪಿನ್ನು ಹಾಕಿ. ಮೀಟರಿನ ಲೆಕ್ಕ ಪ್ರತಿ ರಸೀತಿಯಲ್ಲೂ ಮೇಲೇರುತ್ತಲೇ ಹೋಗಿತ್ತು.

ಮುಂಚಿನ ದಿನವೇ ಫೋನಿನಲ್ಲಿ, ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಕೇಳಿಕೊಂಡಿದ್ದೆವು. ಕಾದ ಎಂಜಿನ್ ತನ್ನ ಕಾಯಿಲೆ ಮುಚ್ಚಿಡುತ್ತದೆ. ಹುಡುಗ ಬಾನೆಟ್ ಮೇಲೆ ಅಂಗೈ ಇಟ್ಟು ತಣ್ಣಗಿದೆಯೆಂದು ಖಾತ್ರಿ ಮಾಡಿಕೊಂಡು ಕೀಲಿ ತಿರುಗಿಸಿದ. ಸೈಲೆನ್ಸರಿನ ಹಿಂದೆ ನಾನು ನಿಂತೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಕಪ್ಪಾದರೆ ಪೆಟ್ರೋಲು ಪೂರ್ತಿ ಉರಿಯುತ್ತಿಲ್ಲ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ತಂಪು ನೀರು ಒಳಗೆ ಸೋರುತ್ತಿರಬಹುದು. ಇಲ್ಲಿ ಯಾವುದೂ ಇರಲಿಲ್ಲ. ಬಾಗಿಲಿನ ರಬ್ಬರ್ ಬೀಡಿಂಗ್ ಸ್ವಲ್ಪ ಎಳೆದು ನೋಡಿದರೆ ಕಾರ್ಖಾನೆಯ ವೆಲ್ಡಿಂಗಿನ ಗುಂಡು ಗುರುತುಗಳು ಸಾಲಾಗಿ ಇದ್ದವು. ದೊಡ್ಡ ಪೆಟ್ಟು ತಿಂದು ಟಿಂಕರಿಂಗ್ ಆದ ಗಾಡಿಯಲ್ಲಿ ಆ ಸಾಲು ಕೆಟ್ಟಿರುತ್ತದೆ.

ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಸ್ವಲ್ಪ ದೂರ ಹತ್ತಿಸಿದೆವು. ಮೂರನೇ ಗೇರಿನಲ್ಲಿ ಎಂಜಿನ್ ಕೂಗಿತೇ ಹೊರತು ಕಾರು ಅದಕ್ಕೆ ತಕ್ಕಂತೆ ಮುಂದಕ್ಕೆ ನುಗ್ಗಲಿಲ್ಲ. "ಕ್ಲಚ್ ಪ್ಲೇಟ್ ಸವೆದಿದೆ" ಎಂದ ಹುಡುಗ, ನಾನು ಬಾಯಿ ತೆರೆಯುವ ಮೊದಲೇ. ಮೆಕ್ಯಾನಿಕ್ಕೂ ಅದನ್ನೇ ಹೇಳಿದ. ಆ ತಾಯಿ ಮರುಮಾತಿಲ್ಲದೆ ಕ್ಲಚ್ಚಿನ ಖರ್ಚನ್ನು ಬೆಲೆಯಲ್ಲಿ ಕಳೆದರು. ಟವೆಲ್ಲು ಬೇಕಾಗಲಿಲ್ಲ.

ಇಲ್ಲಿಗೆ ಮುಗಿಯಿತೆಂದು ಸ್ನೇಹಿತರು ಸಿಹಿ ತರಲು ಹೊರಟರು. ನಾನು ತಡೆದೆ. ಅದಕ್ಕೆ ಕಾರಣ ನನ್ನ ಅದೇ ಪದ್ಮಿನಿ. 2003ರಲ್ಲಿ ಅದನ್ನು ದಲ್ಲಾಳಿಯೊಬ್ಬನಿಗೆ ಮಾರಿ, ಖಾಲಿ ಫಾರಂಗಳಿಗೆ ಸಹಿ ಹಾಕಿಕೊಟ್ಟು, ಹಣ ಎಣಿಸಿಕೊಂಡು ನೆಮ್ಮದಿಯಾಗಿದ್ದೆ. ಎರಡು ವರ್ಷದ ಮೇಲೆ ನಾನು ಕಂಡೂ ಇಲ್ಲದ ಊರಿನಿಂದ ಅಪಘಾತದ ನೋಟೀಸು ಬಂತು. ಆರ್.ಸಿ.ಯಲ್ಲಿ ಇನ್ನೂ ನನ್ನದೇ ಹೆಸರು. ಮುಂದಿನ ಮೂರು ವರ್ಷ ನಾನು ತೆಗೆದುಕೊಂಡ ರಜೆಗಳೆಲ್ಲ ಕೋರ್ಟಿನ ಕಟ್ಟೆಯಲ್ಲೇ ಕಳೆದವು. ಇದು ನನ್ನೊಬ್ಬನ ದುರದೃಷ್ಟವಲ್ಲ. 2007ರಲ್ಲಿ ಮಾರಿದ ಕಾರೊಂದು ಕೈಯಿಂದ ಕೈಗೆ ದಾಟಿ 2009ರಲ್ಲಿ ಅಪಘಾತವಾದ ಪ್ರಕರಣದಲ್ಲಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು.

ಆದ್ದರಿಂದ ಹಣ ಕೊಟ್ಟ ಮರುದಿನವೇ ಮಾರಿದವರಿಂದ 29ನೇ ನಂಬರಿನ ಫಾರಂ, ಇಬ್ಬರ ಸಹಿಯ 30ನೇ ಫಾರಂ ಆರ್.ಟಿ.ಓ.ಗೆ ಹೋದವು. ಒಂದೇ ರಾಜ್ಯದೊಳಗಾದರೆ ಮಾರಿದವರಿಗೆ 14 ದಿನ, ಕೊಂಡವರಿಗೆ 30 ದಿನ ಕಾಲಾವಕಾಶ. ಕಾರಿನ ಮೇಲೆ ಸಾಲವಿದ್ದಿದ್ದರೆ ಬ್ಯಾಂಕಿನ ಎನ್.ಓ.ಸಿ. ಜೊತೆ 35ನೇ ಫಾರಂ ಕೂಡ ಬೇಕಿತ್ತು. ವಿಮೆಯನ್ನೂ 14 ದಿನದೊಳಗೆ ಹೆಸರಿಗೆ ಮಾಡಿಸಿದರು. ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಬರುವುದಿಲ್ಲ, ಅದು ಮನುಷ್ಯನದ್ದು, ಗಾಡಿಯದ್ದಲ್ಲ. ಬಾಕಿ ದಂಡಗಳೇನಾದರೂ ಇವೆಯೇ ಎಂದು ಹುಡುಗ ಮೊಬೈಲಿನಲ್ಲೇ ನೋಡಿದ. ಒಂದಿತ್ತು, ಆ ತಾಯಿ ನಾಚಿಕೊಂಡು ಕಟ್ಟಿದರು.

ಕಾರು ಬಂದ ದಿನ ಅಜ್ಜಿ ಹೊರಗೆ ಬಂದು ಸುತ್ತ ಒಮ್ಮೆ ನೋಡಿ, ನೆಗ್ಗಿದ ಬಾಗಿಲು ಸವರಿ, "ಸುಳಿ ನೋಡಿದಿರೇನೋ?" ಎಂದು ಮೊಮ್ಮಗನನ್ನು ಕೇಳಿದರಂತೆ. ಅವನು ಟೈರಿನ ಕಥೆಯೆಲ್ಲ ಹೇಳಿದನಂತೆ. ಗುರುವಾರ ಬೆಳಗ್ಗೆ ಆರಕ್ಕೆ ಅಜ್ಜಿಯನ್ನು ಈಗ ಅವನೇ ಕರೆದೊಯ್ಯುತ್ತಾನೆ. ಅವನ ಕೋಣೆಯ ಗೋಡೆಯ ಮೇಲೆ ಸಿಟಿಯ ಚಿತ್ರ ಹಾಗೆಯೇ ಇದೆ. ನಾನೂ ತೆಗೆಯಲು ಹೇಳಲಿಲ್ಲ.

ಮಾರಿದ ತಾಯಿಯಿಂದ ಮಾತ್ರ ವಾರಕ್ಕೊಂದು ಫೋನು. "ನನ್ನ ಹೆಸರು ಹೋಯ್ತಾ ಮಗು?" ಹೊಸ ಆರ್.ಸಿ. ಕಾರ್ಡು ಅಂಚೆಯಲ್ಲಿ ಬಂದ ದಿನ ಹುಡುಗ ಅದರ ಫೋಟೋ ತೆಗೆದು ಮೊದಲು ಕಳಿಸಿದ್ದು ಅವರಿಗೆ.