ಸೊಂಟ ಅಂದರೆ ಹಿಪ್ ಅಲ್ಲ

ಮಂಡ್ಯದ ಕಡೆಯ ಅಜ್ಜಿಗೆ ಕಾಲು ‘ಸೆಳೆಯುತ್ತದೆ’. ಗದಗಿನ ಅವ್ವನಿಗೆ ‘ಕೈಕಾಲು ಹರಿತಾವ’. ಕರಾವಳಿಯಿಂದ ಬಂದು ಹೋಟೆಲಿನಲ್ಲಿ ದಿನವಿಡೀ ನಿಂತು ದುಡಿಯುವವನಿಗೆ ಸೊಂಟ ‘ಹಿಡಿದಿದೆ’. ಇನ್ನು ಜೋಮು, ಚಳಕು, ಉರಿ, ಎಳೆತ, ಉಳುಕು, ಮರಗಟ್ಟುವುದು ಎಲ್ಲವೂ ಬೇರೆ ಬೇರೆ. ಹೇಳುವವರಿಗೆ ಅವುಗಳ ವ್ಯತ್ಯಾಸ ಚೆನ್ನಾಗಿ ಗೊತ್ತು. ಆದರೆ ಇವೆಲ್ಲ ಮುಂಬೈನ ಕ್ಲಿನಿಕ್ಕಿನಲ್ಲಿ ‘ದರ್ದ್’ ಆಗುತ್ತವೆ, ಚೆನ್ನೈನಲ್ಲಿ ‘ವಲಿ’ ಆಗುತ್ತವೆ, ಹೈದರಾಬಾದಿನಲ್ಲಿ ‘ನೊಪ್ಪಿ’. ಮಗನೋ ಸೊಸೆಯೋ ಪಕ್ಕದಲ್ಲಿ ಕುಳಿತು, ಅಮ್ಮ ಐದು ನಿಮಿಷ ಹೇಳಿದ್ದನ್ನು ಐದು ಸೆಕೆಂಡಿನಲ್ಲಿ ಮುಗಿಸಿಬಿಡುತ್ತಾರೆ: ‘ನೀ ಪೇನ್, ಡಾಕ್ಟರ್. ಸಿನ್ಸ್ ಲಾಂಗ್.’

ಕಳೆದ ತಿಂಗಳು ಬಿಪಿ ಬಗ್ಗೆ ಬರೆದಿದ್ದೆ. ಬಿಪಿಗೆ ಭಾಷೆ ಬೇಕಿಲ್ಲ. ಪಟ್ಟಿ ಕಟ್ಟಿದರೆ ಯಂತ್ರವೇ ಸಂಖ್ಯೆ ಹೇಳುತ್ತದೆ. ಕೀಲು, ಸ್ನಾಯು, ಬೆನ್ನಿನ ಕಾಯಿಲೆಗಳು ಹಾಗಲ್ಲ. ಅಲ್ಲಿ ರೋಗ ಯಾವುದೆಂದು ತಿಳಿಯುವುದು ಬಹುಪಾಲು ಎರಡರಿಂದ: ರೋಗಿ ಹೇಳುವ ಮಾತು, ವೈದ್ಯರ ಬೆರಳು. ರಕ್ತಪರೀಕ್ಷೆ, ಎಕ್ಸ್‌-ರೇ, ಎಂಆರ್‌ಐ ಆಮೇಲಿನ ಮಾತು. ಹಾಗಾಗಿ ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಈ ಕಾಯಿಲೆಗಳು ಹಾದಿ ತಪ್ಪುವುದು ಹೆಚ್ಚು ಎಂದು ನನ್ನ ಅನಿಸಿಕೆ.

ಮೊದಲು ಆ ನಾಲ್ಕು ಶಬ್ದಗಳನ್ನು ನೋಡೋಣ. ಸೊಂಟ ನೋವು ಎಂದು ನಮ್ಮವರು ಹೇಳುವುದು ಬೆನ್ನಿನ ಕೆಳಭಾಗಕ್ಕೆ, ಉತ್ತರ ಕರ್ನಾಟಕದವರು ಟೊಂಕ ಎನ್ನುವ ಜಾಗಕ್ಕೆ. ಅದನ್ನು ‘ಹಿಪ್ ಪೇನ್’ ಎಂದು ಅನುವಾದಿಸಿ, ಇಬ್ಬದಿಯ ಹಿಪ್ ಎಕ್ಸ್‌-ರೇ ತೆಗೆಸಿಕೊಂಡು ಬಂದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಚಿತ್ರ ಚೆನ್ನಾಗಿಯೇ ಇರುತ್ತದೆ, ನೋವಿರುವ ಜಾಗದ್ದಲ್ಲ ಅಷ್ಟೆ. ‘ನರ’ ಎನ್ನುವುದು ನಮ್ಮ ಬಾಯಲ್ಲಿ ನರವೂ ಹೌದು, ರಕ್ತನಾಳವೂ ಹೌದು, ಸ್ನಾಯುವಿನ ಹುರಿಯೂ ಹೌದು. ‘ನರ ಎಳೀತದೆ’ ಎಂದ ತಕ್ಷಣ ‘ನರ್ವ್ ಪ್ರಾಬ್ಲಮ್’ ಎಂದರೆ ಬೇಡದ ನರಪರೀಕ್ಷೆ, ಬೇಡದ ಗುಳಿಗೆ ಎರಡೂ ಬರುತ್ತವೆ. ‘ವಾಯು ಹಿಡಿದಿದೆ’ ಎಂಬುದನ್ನು ‘ಗ್ಯಾಸ್’ ಎಂದು ತಿಳಿಸಿ ಆ್ಯಸಿಡಿಟಿ ಮಾತ್ರೆ ತೆಗೆದುಕೊಂಡು ಹೋದವರೂ ಇದ್ದಾರೆ. ‘ಗಂಟು’ ಎಂದರೆ ಕೀಲು, ಗಡ್ಡೆಯನ್ನೂ ಗಂಟು ಎನ್ನುತ್ತೇವೆ. ಯಾವ ಗಂಟು ಎಂದು ಕೇಳದೆ ಮುಂದೆ ಹೋಗುವಂತಿಲ್ಲ.

ಇದಕ್ಕೆ ಸುಲಭದ ಉಪಾಯ ಉಂಟು. ಅಮ್ಮನಿಗೆ, ‘ಎಲ್ಲಿ ನೋವು, ಒಂದು ಬೆರಳಿಟ್ಟು ತೋರಿಸು’ ಎನ್ನಿ. ನೀವು ಸುಮ್ಮನಿರಿ. ತೊಡೆಸಂದಿಯಲ್ಲಿ ಬೆರಳಿಟ್ಟರೆ ಅದು ನಿಜವಾಗಿ ಹಿಪ್ ಕೀಲಿನದ್ದಿರಬಹುದು. ಪಕ್ಕೆಯಲ್ಲಿ, ಹೊರಕ್ಕೆ ಉಬ್ಬಿದ ಎಲುಬಿನ ಮೇಲೆ ಇಟ್ಟು ‘ಈ ಮಗ್ಗುಲಿಗೆ ಮಲಗಲು ಆಗುವುದಿಲ್ಲ’ ಎಂದರೆ ಅಲ್ಲಿಯ ಸ್ನಾಯುಗಳ ಹುರಿಯದ್ದು, ಕೀಲಿನದ್ದಲ್ಲ. ಪೃಷ್ಠದ ಮೇಲೆ ಇಟ್ಟರೆ ಬೆನ್ನಿನ ಕಡೆ ನೋಡಬೇಕು. ಮಂಡಿಯಲ್ಲೂ ಹೀಗೆಯೇ. ಚಿಪ್ಪಿನ ಸುತ್ತ, ಕೀಲಿನ ಗೆರೆಯ ಮೇಲೆ, ಅದಕ್ಕಿಂತ ಎರಡು ಬೆರಳು ಕೆಳಗೆ ಒಳಬದಿಯಲ್ಲಿ, ಹಿಂದಿನ ಮಡಿಕೆಯಲ್ಲಿ ಎಂದು ಪ್ರತಿ ಜಾಗಕ್ಕೂ ಬೇರೆ ಕಾರಣ. ಕೆಲವೊಮ್ಮೆ ಬೆರಳೂ ಮೋಸ ಮಾಡುತ್ತದೆ: ಹಿಪ್ ಕೀಲು ಕೆಟ್ಟರೆ ನೋವು ಮಂಡಿಗೆ ಇಳಿಯುವುದುಂಟು. ಅದಕ್ಕೇ ಮಂಡಿ ನೋವೆಂದು ಬಂದವರ ಹಿಪ್ಪನ್ನೂ ತಿರುಗಿಸಿ ನೋಡದ ಪರೀಕ್ಷೆ ಅರ್ಧ ಪರೀಕ್ಷೆ.

ಎರಡನೆಯದು ಹೊತ್ತು. ನೋವು ಯಾವಾಗ ಹೆಚ್ಚು? ಸವೆತದ ಕೀಲು ದುಡಿದಷ್ಟೂ ನೋಯುತ್ತದೆ, ಕುಳಿತರೆ ಕಡಿಮೆ. ಬೆಳಿಗ್ಗೆ ಬಿಗಿ ಇದ್ದರೂ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಉರಿಯೂತದ ಸಂಧಿವಾತದಲ್ಲಿ ಇದು ತಿರುಗುಮುರುಗು. ರಾತ್ರಿ ಮಲಗಿ ಎದ್ದಾಗಲೇ ಕೈ ಬಿಗಿದಿರುತ್ತದೆ, ಒಂದು ಗಂಟೆ, ಎರಡು ಗಂಟೆ ಆದರೂ ಬಿಡುವುದಿಲ್ಲ, ಕೆಲಸ ಮಾಡುತ್ತಾ ಹೋದಂತೆ ಹಗುರ. ಇಪ್ಪತ್ತೈದು ಮೂವತ್ತರ ಹುಡುಗ ನಡುರಾತ್ರಿ ಬೆನ್ನು ನೋವಿಗೆ ಎಚ್ಚರವಾಗಿ, ಎದ್ದು ಓಡಾಡಿದರೆ ಸರಿಹೋಗುತ್ತದೆ ಎಂದರೆ ಅದನ್ನು ‘ಕಂಪ್ಯೂಟರ್ ಮುಂದೆ ಕೂತು ಬಂದದ್ದು’ ಎಂದು ತಳ್ಳಿಹಾಕಬಾರದು. ಬೆನ್ನುಮೂಳೆಯನ್ನು ಬಿದಿರಿನಂತೆ ಒಂದಾಗಿ ಬೆಸೆದುಬಿಡುವ ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಶುರುವಾಗುವುದು ಹೀಗೆ. ಅದಕ್ಕೊಂದು ಅಳತೆ ಟೇಪಿನ ಪರೀಕ್ಷೆ ಇದೆ. ಬೆನ್ನ ಕೆಳಗೆ 15 ಸೆಂಟಿಮೀಟರ್ ದೂರದಲ್ಲಿ ಎರಡು ಗುರುತು ಹಾಕಿ ಮುಂದಕ್ಕೆ ಬಗ್ಗಿಸುತ್ತಾರೆ. ಆರೋಗ್ಯವಂತ ಬೆನ್ನಿನಲ್ಲಿ ಆ ದೂರ 20ಕ್ಕೆ ಏರುತ್ತದೆ. ಏರದಿದ್ದರೆ ಬೆನ್ನು ಬಾಗುತ್ತಿಲ್ಲ, ಹಿಪ್ ಮಾತ್ರ ಬಾಗುತ್ತಿದೆ ಎಂದು ಅರ್ಥ. ಪರೀಕ್ಷೆಗೆ ಬೇಕಾದ್ದು ದರ್ಜಿಯ ಟೇಪು ಮತ್ತು ಒಂದು ಪೆನ್ನು.

ಪುಣೆಯಲ್ಲಿ ಕೆಲಸ ಮಾಡುವ ಒಬ್ಬರು ತಾಯಿಯನ್ನು ಕರೆತಂದಿದ್ದರು. ಗದಗ ಜಿಲ್ಲೆಯವರು, ಅರವತ್ತರ ಆಸುಪಾಸು. ದಪ್ಪ ಫೈಲು. ಮಂಡಿ ಎಕ್ಸ್‌-ರೇಯಲ್ಲಿ ಸವೆತ ಇತ್ತು, ಆ ವಯಸ್ಸಿಗೆ ಇರುವುದೇ. ಬೇರೊಂದು ಕಡೆ ಮಂಡಿ ಬದಲಿಸುವ ಮಾತೂ ಆಗಿತ್ತು. ಆಕೆ ಒಳಗೆ ಬಂದಾಗ ಕೈಚೀಲವನ್ನು ಬೆರಳಲ್ಲಿ ಹಿಡಿದಿರಲಿಲ್ಲ, ಮೊಣಕೈಗೆ ತೂಗುಹಾಕಿಕೊಂಡಿದ್ದರು. ಮಂಡಿ ಬಿಟ್ಟು ಕೇಳಿದೆ: ‘ರೊಟ್ಟಿ ಬಡೀತೀರೇನು ಈಗ?’

‘ರೊಟ್ಟಿ ಬಡದು ಐದ ತಿಂಗಳಾತ್ರಿ. ಅಂಗೈ ಊರಾಕ ಬರಂಗಿಲ್ಲ. ಮುಂಜಾನಿ ಎದ್ದಾಗ ಮುಷ್ಟಿ ಕಟ್ಟಾಕ ಆಗೂದಿಲ್ಲ. ಬಿಸಿನೀರಾಗ ಕೈ ಇಟ್ಕೊಂಡು ಕುಂದರ್ತೀನಿ.’

ಮಗ ತಾಯಿಯ ಮುಖ ನೋಡಿದರು. ಪುಣೆಗೆ ಬಂದಮೇಲೆ ಅವ್ವ ಚಪಾತಿಗೆ ಹೊಂದಿಕೊಂಡಿದ್ದಾಳೆ ಎಂದುಕೊಂಡಿದ್ದರಂತೆ. ಚಪಾತಿ ಮಾಡುವುದು ಕೆಲಸದಾಕೆ. ಎರಡೂ ಮಣಿಕಟ್ಟು ಮೆತ್ತಗೆ ಬಾತಿದ್ದವು. ಬೆರಳುಗಳ ಬುಡದ ಕೀಲುಗಳನ್ನು ಅಡ್ಡಲಾಗಿ ಮೆಲ್ಲನೆ ಒತ್ತಿದಾಗ ಕೈ ಹಿಂದಕ್ಕೆಳೆದುಕೊಂಡರು. ಪಾದದಲ್ಲೂ ಅದೇ. ರುಮಟಾಯ್ಡ್ ಸಂಧಿವಾತ. ‘ಕೈಕಾಲು ಹರಿತಾವ’ ಎಂದು ಆಕೆ ಮೊದಲ ದಿನದಿಂದ ಹೇಳುತ್ತಲೇ ಇದ್ದರು. ಅನುವಾದದಲ್ಲಿ ಕೈ ಬಿಟ್ಟುಹೋಗಿ ಕಾಲು ಮಾತ್ರ ಉಳಿದಿತ್ತು. ಈ ರೋಗದಲ್ಲಿ ಕೀಲಿನ ಎಲುಬನ್ನು ಉರಿಯೂತ ತಿನ್ನಲು ಶುರುಮಾಡುವುದು ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ. ತಿಂದದ್ದು ವಾಪಸು ಬರುವುದಿಲ್ಲ. ಮೊದಲ ತಿಂಗಳುಗಳಲ್ಲೇ ಸರಿಯಾದ ಔಷಧಿ ಹಿಡಿದರೆ ಬೆರಳು ಸೊಟ್ಟಗಾಗದಂತೆ ಉಳಿಸಿಕೊಳ್ಳಬಹುದು. ಆಕೆಗೆ ಐದು ತಿಂಗಳು ಕಳೆದಿತ್ತು. ಔಷಧಿ ಶುರುವಾದ ಮೂರನೆಯ ತಿಂಗಳಿಗೆ ಮುಷ್ಟಿ ಕಟ್ಟಿ ತೋರಿಸಿದರು. ಮಂಡಿ ನೋವು ಪೂರ್ತಿ ಹೋಗಿಲ್ಲ. ಅದು ಸವೆತದ್ದೇ, ಅದಕ್ಕೆ ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮ ನಡೆದಿದೆ.

ಎಲುಬು-ಕೀಲು ವೈದ್ಯರು ಕಲಿಯುವ ಕ್ರಮ ಮೂರೇ ಪದದ್ದು: ನೋಡು, ಮುಟ್ಟು, ಆಡಿಸು. ನೋಡುವುದು ಬಾಗಿಲಿನಿಂದಲೇ ಶುರು. ನಡಿಗೆ, ಕುರ್ಚಿಯಿಂದ ಏಳುವ ರೀತಿ, ಚಪ್ಪಲಿ ಯಾವ ಬದಿಗೆ ಸವೆದಿದೆ. ಮುಟ್ಟಿದಾಗ ಬಿಸಿ ಇದೆಯೇ, ಬಾವು ಎಲುಬಿನ ಹಾಗೆ ಗಟ್ಟಿಯೋ, ಹಿಟ್ಟಿನ ಹಾಗೆ ಮೆತ್ತಗೋ. ಬೆರಳ ತುದಿಯ ಕೀಲಿನಲ್ಲಿ ಗಟ್ಟಿ ಉಬ್ಬು ಇದ್ದರೆ ಅದು ಸವೆತದ ಗುರುತು. ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ ವರ್ಣಿಸಿದ್ದು, ಅವನ ಪುಸ್ತಕ ಅಚ್ಚಾದದ್ದು 1802ರಲ್ಲಿ. ಆಡಿಸುವಾಗ ಮೊದಲು ರೋಗಿಯೇ, ಆಮೇಲೆ ವೈದ್ಯರು. ರೋಗಿಗೆ ತೋಳು ಎತ್ತಲಾಗದು, ವೈದ್ಯರು ಎತ್ತಿದರೆ ಏರುತ್ತದೆ ಎಂದರೆ ಸ್ನಾಯುವಿನ ಹುರಿ ಹರಿದಿರಬಹುದು. ಇಬ್ಬರಿಂದಲೂ ಏರದಿದ್ದರೆ ಭುಜ ಹೆಪ್ಪುಗಟ್ಟಿದೆ. ಈ ಎರಡನೆಯದು ಸಕ್ಕರೆ ಕಾಯಿಲೆಯವರಿಗೆ ಹೆಚ್ಚು. ಎಷ್ಟೋ ಜನರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗುವುದೇ ಭುಜದ ದೆಸೆಯಿಂದ.

ವಿಲಾಯಿತಿ ಪಠ್ಯಗಳಲ್ಲಿ ‘ಯಾರ ಸಹಾಯವೂ ಇಲ್ಲದೆ ಬಟ್ಟೆ ಹಾಕಿಕೊಳ್ಳಬಲ್ಲಿರಾ, ಮೆಟ್ಟಿಲು ಹತ್ತಿ ಇಳಿಯಬಲ್ಲಿರಾ’ ಎಂದು ಕೇಳಲು ಹೇಳುತ್ತಾರೆ. ಒಳ್ಳೆಯ ಪ್ರಶ್ನೆಗಳೇ. ನಮ್ಮವರಿಗೆ ನಾನು ಬೇರೆ ಸೇರಿಸುತ್ತೇನೆ: ಜಡೆ ಹೆಣೆದುಕೊಳ್ಳುತ್ತೀರಾ? ಸೀರೆಯ ನೆರಿಗೆ ಹಿಡಿಯುತ್ತೀರಾ? ಚಕ್ಕಳಮಕ್ಕಳ ಕುಳಿತು ಕೈ ಊರದೆ ಏಳುತ್ತೀರಾ? ಪಾತ್ರೆ ಹಿಂಡಿ, ಬಟ್ಟೆ ಹಿಂಡಿ ಎಂದರೆ ಯಾವ ಬೆರಳು ನೋಯುತ್ತದೆ? ಮುಂಬೈನ ಲೋಕಲ್ ಹತ್ತುವಾಗ ಕಂಬ ಹಿಡಿಯಲು ಆಗುತ್ತದೆಯೇ?

ಇನ್ನೊಂದು ಪ್ರಶ್ನೆಯನ್ನು ಪರಊರಿನ ವೈದ್ಯರು ಕೇಳುವುದು ಕಡಿಮೆ: ಊರು ಯಾವುದು? ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆಯ ಕೊಳವೆಬಾವಿ ನೀರು ಕುಡಿದು ಬೆಳೆದವರಿಗೆ ಫ್ಲೋರೈಡಿನಿಂದ ಬೆನ್ನು, ಕೀಲು ಬಿಗಿಯುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಮನೆಯಲ್ಲೇ ಮೂರು ಚಲನೆ ನೋಡಬಹುದು: ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ತಲೆಯ ಹಿಂದೆ ಕಟ್ಟುವುದು. ಮೂರೂ ಆಗದಿದ್ದರೆ, ಹಲ್ಲಿನಲ್ಲಿ ಕಂದು ಪಟ್ಟೆ ಇದ್ದರೆ, ವೈದ್ಯರಿಗೆ ಊರಿನ ನೀರಿನ ವಿಷಯ ತಿಳಿಸಿ. ಹಾಗೆಯೇ ಕುರಿ, ದನ ಸಾಕುವ ಮನೆಯವರು, ಹಸಿ ಹಾಲು ಕುಡಿಯುವವರು ಜ್ವರದ ಜೊತೆ ಬೆನ್ನು ನೋವು ಎಂದರೆ ಬ್ರುಸೆಲ್ಲಾ ನೆನಪಾಗಬೇಕು. ಕ್ಷಯ ಬೆನ್ನುಮೂಳೆಗೂ ಬರುತ್ತದೆ ಎನ್ನುವುದು ಮರೆಯುವ ಮಾತಲ್ಲ. 2006ರ ಚಿಕೂನ್‌ಗುನ್ಯಾ ಕರ್ನಾಟಕದವರಿಗೆ ಹೇಳಬೇಕಿಲ್ಲ. ಆ ವರ್ಷ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಶಂಕಿತ ರೋಗಿಗಳಲ್ಲಿ ಸುಮಾರು ಅರ್ಧ ಪಾಲು ನಮ್ಮವರೇ. ಜ್ವರ ಹೋದಮೇಲೂ ತಿಂಗಳುಗಟ್ಟಲೆ ಕೀಲು ಹಿಡಿದಿಡುವ ಈ ರೋಗ ನೋಡಲು ರುಮಟಾಯ್ಡಿನಂತೆಯೇ ಇರುತ್ತದೆ. ‘ಊರಿಗೆ ಹೋಗಿದ್ದಾಗ ಜ್ವರ ಬಂದಿತ್ತು’ ಎಂಬ ಒಂದು ವಾಕ್ಯ ಎಷ್ಟೋ ಪರೀಕ್ಷೆ ಉಳಿಸುತ್ತದೆ.

ಪರೀಕ್ಷೆಗಳ ಬಗ್ಗೆ ನನಗೆ ತಕರಾರಿಲ್ಲ, ‘ಆರ್ಥ್ರೈಟಿಸ್ ಪ್ಯಾಕೇಜ್’ ಎಂದು ಮಾರುವುದರ ಬಗ್ಗೆ ಇದೆ. ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಎಂದರೆ ರುಮಟಾಯ್ಡ್ ಇದೆ ಎಂದಲ್ಲ; ಆರೋಗ್ಯವಂತರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ ಕೆಲವರಿಗೆ ಅದು ಇದ್ದೇ ಇರುತ್ತದೆ. ನೆಗೆಟಿವ್ ಎಂದರೆ ಇಲ್ಲವೆಂದೂ ಅಲ್ಲ. 2010ರಲ್ಲಿ ಅಮೆರಿಕ, ಯುರೋಪಿನ ತಜ್ಞರು ಕೂಡಿ ಮಾಡಿದ 10 ಅಂಕಗಳ ಪಟ್ಟಿಯಲ್ಲಿ ರಕ್ತದ ಈ ಪ್ರತಿಕಾಯಗಳಿಗೆ ಹೆಚ್ಚೆಂದರೆ 3 ಅಂಕ. ಎಷ್ಟು ಕೀಲು, ಯಾವ ಕೀಲು ಎಂದು ಕೈಯಿಂದ ಎಣಿಸಿದ್ದಕ್ಕೆ 5. ಯೂರಿಕ್ ಆ್ಯಸಿಡ್ ತುಸು ಹೆಚ್ಚಿದ್ದರೆ ಗೌಟ್ ಅಲ್ಲ. ಹೆಬ್ಬೆರಳು ಕೆಂಪಗೆ ಬಾತು ಹಾಸಿಗೆಯ ಹೊದಿಕೆ ಸೋಕಿದರೂ ನೋಯುವ ಆ ರಾತ್ರಿ ಅದು ನಾರ್ಮಲ್ ಇರಲೂಬಹುದು. ಬೆನ್ನಿನ ಎಂಆರ್‌ಐ ವರದಿ ಓದಿ ಹೆದರುವವರಿಗೆ ಒಂದು ಹಳೆಯ ಅಧ್ಯಯನ ಹೇಳುತ್ತೇನೆ. ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾದದ್ದು. ಬೆನ್ನು ನೋವೇ ಇಲ್ಲದ 98 ಜನರ ಎಂಆರ್‌ಐ ಮಾಡಿದರು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ನೂರಕ್ಕೆ 36 ಮಾತ್ರ.

ತಡಮಾಡಬಾರದ ಸಂದರ್ಭಗಳಿವೆ. ಒಂದೇ ಕೀಲು ಥಟ್ಟನೆ ಬಾತು, ಬಿಸಿಯಾಗಿ, ಜ್ವರವೂ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸೂಜಿ ಹಾಕಿ ಕೀಲಿನ ನೀರು ತೆಗೆದು ನೋಡಬೇಕಾಗುತ್ತದೆ. ಕೀವು ತುಂಬಿದ ಕೀಲು ಕೆಲವೇ ದಿನಗಳಲ್ಲಿ ಹಾಳಾಗುತ್ತದೆ. ಅಲ್ಲಿ ನೋವಿನ ಎಣ್ಣೆ ತಿಕ್ಕುತ್ತಾ ಕೂರುವುದಲ್ಲ. ಬೆನ್ನು ನೋವಿನೊಂದಿಗೆ ಮೂತ್ರ ಕಟ್ಟಿದರೆ, ಕುಳಿತುಕೊಳ್ಳುವ ಜಾಗ ಮರಗಟ್ಟಿದರೆ ಗಂಟೆಗಳ ಲೆಕ್ಕ.

ವೈದ್ಯರಲ್ಲಿಗೆ ಹೋಗುವ ಮುಂಚೆ ಮನೆಯಲ್ಲೇ ಅಮ್ಮನ ಹತ್ತಿರ ಹತ್ತು ನಿಮಿಷ ಕುಳಿತು ಅವರ ಮಾತಿನಲ್ಲೇ ಬರೆದುಕೊಳ್ಳಿ. ಯಾವ ಯಾವ ಕೀಲು, ಎಂದಿನಿಂದ, ಬೆಳಿಗ್ಗೆ ಎಷ್ಟು ಹೊತ್ತು ಬಿಗಿ, ಯಾವ ಕೆಲಸ ಬಿಟ್ಟುಬಿಟ್ಟಿದ್ದಾರೆ. ಬಾವು ಬಂದುಹೋಗುವುದಾದರೆ ಬಂದ ದಿನ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಊರಿನಿಂದ ತಂದ ಪುಡಿ, ಗುಳಿಗೆ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಬೈಸಿಕೊಳ್ಳಬೇಕಾದೀತೆಂದು ಬಚ್ಚಿಡಬೇಡಿ. ಒಂದೇ ದಿನದಲ್ಲಿ ಎಲ್ಲ ನೋವೂ ಹೋಯಿತು ಎನ್ನುವ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ಅದು ಬಾವನ್ನು ಅಡಗಿಸಿ ಪರೀಕ್ಷೆಯನ್ನೇ ತಪ್ಪು ದಾರಿಗೆಳೆಯುತ್ತದೆ. ಮೆಥೊಟ್ರೆಕ್ಸೇಟ್ ಬರೆದುಕೊಟ್ಟರೆ ಆ ಮಾತ್ರೆ ವಾರಕ್ಕೊಮ್ಮೆ ಮಾತ್ರ, ದಿನಾ ಅಲ್ಲ. ದಿನಾ ನುಂಗಿ ಪ್ರಾಣಕ್ಕೆ ಬಂದವರಿದ್ದಾರೆ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ‘ಸೋಮವಾರ ಮಾತ್ರ’ ಎಂದು ನೀವೇ ಬರೆಯಿರಿ.

ಠಾಣೆಯ ಓದುಗರೊಬ್ಬರು, ಬೆರಳಿನ ಲಟಿಕೆ ಮುರಿಯುವುದರಿಂದ ಸಂಧಿವಾತ ಬರುತ್ತದೆಯೇ ಎಂದು ಕೇಳಿದ್ದಾರೆ. ಇಲ್ಲ. ಅಮೆರಿಕದ ಡೊನಾಲ್ಡ್ ಅಂಗರ್ ಎಂಬ ವೈದ್ಯರಿಗೆ ಚಿಕ್ಕಂದಿನಲ್ಲಿ ತಾಯಿ ಹೀಗೆ ಹೆದರಿಸಿದ್ದರಂತೆ. ಅವರು ಐವತ್ತಕ್ಕೂ ಹೆಚ್ಚು ವರ್ಷ ಎಡಗೈಯ ಲಟಿಕೆಯನ್ನು ಮಾತ್ರ ಮುರಿದು, ಬಲಗೈ ಹಾಗೇ ಬಿಟ್ಟರು. ಕೊನೆಗೆ ಎರಡು ಕೈಗಳಲ್ಲೂ ಸಂಧಿವಾತ ಇರಲಿಲ್ಲ. ಇದಕ್ಕಾಗಿ 2009ರಲ್ಲಿ ಅವರಿಗೆ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನವೂ ಬಂತು. ಮುಂದಿನ ತಿಂಗಳು ಥೈರಾಯ್ಡ್.