ಪ್ರವಾಸಿ ಆ್ಯಪ್ ಯಾರಿಗಾಗಿ?

‘ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು’ ಎಂಬ ನಾಣ್ಣುಡಿಯನ್ನು ಕೇಳದ ಕನ್ನಡಿಗರಿಲ್ಲ. ಇಂದು ಕೋಶವೇ ಅಂಗೈಯೊಳಗಿನ ಮೊಬೈಲಿನಲ್ಲಿ ಬಂದು ಕುಳಿತಿದೆ. ದೇಶ ಸುತ್ತುವವನು ಅದನ್ನು ನೋಡಿಕೊಂಡೇ ಹೆಜ್ಜೆಯಿಡುತ್ತಾನೆ. ಇಂತಹ ಸಂದರ್ಭದಲ್ಲಿ, ಹೈದರಾಬಾದಿಗೆ ಬರುವ ಕನ್ನಡಿಗರಿಗಾಗಿ ಒಂದು ಮಾರ್ಗದರ್ಶಿ ಆ್ಯಪ್ ರಚಿಸಬೇಕೆಂದು ನಮ್ಮ ಸಂಘದ ತರುಣ ಮಿತ್ರರು ಮುಂದೆ ಬಂದಿರುವುದು ಸಂತೋಷದ ಸಂಗತಿ. ಅವರು ಸಿದ್ಧಪಡಿಸಿರುವ ಯೋಜನೆಯಲ್ಲಿ ಮೂವತ್ತಕ್ಕೂ ಹೆಚ್ಚು ಸೌಲಭ್ಯಗಳಿವೆ. ಛಾಯಾಚಿತ್ರಗಳ ಹಂಚಿಕೆ, ಹೋಟೆಲುಗಳಿಗೆ ನಕ್ಷತ್ರಗಳ ಶ್ರೇಣಿ, ಕೇಳಿದ ಪ್ರಶ್ನೆಗೆ ಉತ್ತರಿಸುವ ಕೃತಕ ಬುದ್ಧಿಮತ್ತೆ, ಹೀಗೆ ಪಟ್ಟಿ ಬೆಳೆಯುತ್ತದೆ. ಅವರ ಉತ್ಸಾಹವನ್ನು ಮನಸಾರೆ ಮೆಚ್ಚುತ್ತಲೇ, ಆ ಪಟ್ಟಿಯ ಬಗೆಗೆ ನನ್ನ ಅಭಿಪ್ರಾಯವನ್ನು ಸದಸ್ಯರ ಮುಂದಿಡಬಯಸುತ್ತೇನೆ.

ಬ್ಯಾಂಕಿಗೆ ಸಾಲದ ಅರ್ಜಿ ಬಂದಾಗ ಹಣವೆಷ್ಟು ಎಂಬುದಕ್ಕಿಂತ ಮೊದಲು ಯಾರಿಗೆ, ಯಾತಕ್ಕೆ ಎಂದು ನಾವು ವಿಚಾರಿಸುತ್ತೇವೆ. ಆ್ಯಪಿನ ವಿಷಯದಲ್ಲಿಯೂ ಮೊದಲ ಪ್ರಶ್ನೆ ಅದೇ ಆಗಬೇಕು. ಈ ಊರಿಗೆ ಬರುವ ಕನ್ನಡಿಗರು ಯಾರು? ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ 1956ರ ನವೆಂಬರ್ 1ರವರೆಗೂ ಹೈದರಾಬಾದೇ ರಾಜಧಾನಿಯಾಗಿತ್ತು. ರಾಜ್ಯ ಬದಲಾದರೂ ದಾರಿ ಬದಲಾಗಲಿಲ್ಲ. ಇಂದಿಗೂ ಆ ಭಾಗದ ಜನ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಲ್ಲಿಯೋ ಕಾಚಿಗುಡ ರೈಲು ನಿಲ್ದಾಣದಲ್ಲಿಯೋ ಇಳಿದು, ಪಂಜಾಗುಟ್ಟದ ನಿಮ್ಸ್‌ಗೆ, ರೆಡ್ ಹಿಲ್ಸ್‌ನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಗೆ, ಬಂಜಾರ ಹಿಲ್ಸ್‌ನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಗೆ ಬರುತ್ತಾರೆ. ಚಿಕಿತ್ಸೆ ಮುಗಿದು ಒಂದು ದಿನ ಮಿಕ್ಕರೆ ಚಾರ್ಮಿನಾರ್, ಗೋಲ್ಕೊಂಡ ನೋಡಿಕೊಂಡು ಹೋಗೋಣವೆನ್ನುತ್ತಾರೆ. ನಮ್ಮ ಪ್ರವಾಸಿಗಳಲ್ಲಿ ಬಹುಮಂದಿ ಇಂಥವರೇ.

ನನ್ನ ಸೋದರಮಾವನವರೂ ಹಾಗೆಯೇ ಬಂದಿದ್ದರು. ರಾಯಚೂರಿನವರು, ಅರವತ್ತೆಂಟು ವರ್ಷ, ಮಧುಮೇಹಿಗಳು. ತಪಾಸಣೆ ಮುಗಿದ ಮರುದಿನ ನನ್ನ ಮಗ ಅವರನ್ನು ಗೋಲ್ಕೊಂಡಕ್ಕೆ ಕರೆದೊಯ್ದ. ಅವನ ಕೈಯಲ್ಲೊಂದು ಆ್ಯಪ್ ಇತ್ತು. ಅದರಲ್ಲಿ ಸೊಗಸಾದ ಚಿತ್ರಗಳಿದ್ದವು, ‘ಎರಡು ಗಂಟೆ ಸಾಕು, ನೋಡಲೇಬೇಕಾದ ಸ್ಥಳ’ ಎಂಬ ಪ್ರಶಂಸೆಯೂ ಇತ್ತು. ಮೇಲಿನ ಬಾಲಾಹಿಸ್ಸಾರಿಗೆ ಮುನ್ನೂರಕ್ಕೂ ಮಿಕ್ಕಿದ ಮೆಟ್ಟಿಲುಗಳಿವೆಯೆಂಬ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ. ಏಪ್ರಿಲ್ ತಿಂಗಳ ಬಿಸಿಲು. ಬೆಳಗಿನ ಮಾತ್ರೆ ನುಂಗಿಯಾಗಿತ್ತು, ಉಪಾಹಾರ ಅರೆಬರೆ. ಅರ್ಧ ಹತ್ತುವಷ್ಟರಲ್ಲಿ ಮಾವನವರಿಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತಿನಲ್ಲಿ ತೊದಲು. ಮಗ ಆ್ಯಪ್ ತೆರೆದರೆ ಕಲ್ಲುಗೋಡೆಗಳ ನಡುವೆ ನೆಟ್‌ವರ್ಕ್ ಸಿಗದೆ ತೆರೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಹಿಂದೆ ಬರುತ್ತಿದ್ದ ಒಂದು ಕುಟುಂಬದ ತಾಯಿ ಲಕ್ಷಣವನ್ನು ಗುರುತಿಸಿ, ಮಗುವಿಗೆಂದು ತಂದಿದ್ದ ಹಣ್ಣಿನ ರಸವನ್ನು ಕುಡಿಸಿದರು. ಕಾಲು ಗಂಟೆಯಲ್ಲಿ ಚೇತರಿಸಿಕೊಂಡರು. ಸಂಜೆ ಮಾವನವರು ಹೇಳಿದ್ದು ಇಷ್ಟೇ: “ಎಷ್ಟು ಮೆಟ್ಟಲ ಅದಾವ ಅಂತ ಮೊದಲೇ ಯಾರರೆ ಹೇಳಿದ್ರ, ನಾ ಕೆಳಗ ಕುಂತೇ ನೋಡ್ತಿದ್ದೆನಲ್ಲೋ.”

ಈ ಒಂದು ಮಾತಿನಲ್ಲಿ ಇಡೀ ಯೋಜನೆಯ ಸೂತ್ರವಿದೆಯೆಂದು ನಾನು ಭಾವಿಸುತ್ತೇನೆ. ಗುಂಪಿನಲ್ಲಿ ಅತಿ ನಿಧಾನವಾಗಿ ನಡೆಯುವವರನ್ನು ಮುಂದಿಟ್ಟುಕೊಂಡು ಆ್ಯಪ್ ರಚಿಸತಕ್ಕದ್ದು. ವೇಗವಾಗಿ ನಡೆಯುವವನು ಹೇಗಿದ್ದರೂ ದಾರಿ ಕಂಡುಕೊಳ್ಳುತ್ತಾನೆ.

ಆದುದರಿಂದ ಪ್ರತಿಯೊಂದು ಸ್ಥಳದ ಪುಟದಲ್ಲಿಯೂ ಚರಿತ್ರೆಗಿಂತ ಮೊದಲು ಕೆಲವು ವಿವರಗಳಿರಲಿ: ಮೆಟ್ಟಿಲುಗಳೆಷ್ಟು, ಕೈಹಿಡಿಯುಂಟೆ, ನೆರಳೆಲ್ಲಿದೆ, ಕುಡಿಯುವ ನೀರು ಮತ್ತು ಶೌಚಾಲಯ ಎಷ್ಟು ದೂರ, ಹತ್ತಲಾರದವರು ಕೆಳಗಿನಿಂದ ಏನನ್ನು ನೋಡಬಹುದು. 1591ರ ಚಾರ್ಮಿನಾರನ್ನು ಏರುವ ಸುರುಳಿ ಮೆಟ್ಟಿಲು ಬಲು ಕಿರಿದೆಂಬುದು ಮಂಡಿನೋವಿನವರಿಗೆ ಮೊದಲೇ ತಿಳಿಯಬೇಕು. ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆಯೆಂಬುದು, ಗುರುವಾರ ರಾತ್ರಿ ಬಸ್ ಹತ್ತುವವರಿಗೆ ಊರಿನಲ್ಲಿಯೇ ಗೊತ್ತಾಗಬೇಕು.

ಎರಡನೆಯದಾಗಿ, ನೆಟ್‌ವರ್ಕ್ ಇಲ್ಲದಿದ್ದರೂ ಆ್ಯಪ್ ಕೆಲಸ ಮಾಡಬೇಕು. ಮನೆಯಲ್ಲಿರುವಾಗಲೇ ನಕ್ಷೆಯನ್ನೂ ವಿವರಗಳನ್ನೂ ಇಳಿಸಿಕೊಳ್ಳುವ ವ್ಯವಸ್ಥೆ ಕಷ್ಟವೇನಲ್ಲ. 2004ರಲ್ಲಿ ಆರಂಭವಾದ ಓಪನ್ ಸ್ಟ್ರೀಟ್ ಮ್ಯಾಪ್‌ನ ಮಾಹಿತಿಯನ್ನು, ಅದರ ಹೆಸರನ್ನು ನಮೂದಿಸಿ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಗೋಲ್ಕೊಂಡದ ಬಾಗಿಲಲ್ಲಿ ತಟ್ಟಿದ ಚಪ್ಪಾಳೆ ಬೆಟ್ಟದ ತುದಿಯಲ್ಲಿ ಕೇಳಿಸುತ್ತದೆಯಲ್ಲವೇ? ಆ ಶಿಲ್ಪಿಗಳು ಒಂದೇ ಸೌಲಭ್ಯವನ್ನು ಕೊಟ್ಟರು, ಅದು ಇಂದಿಗೂ ಕೆಟ್ಟಿಲ್ಲ.

ಮೂರನೆಯದು ಭಾಷೆ. ತೆಲುಗು ಲಿಪಿ ನಮ್ಮ ಲಿಪಿಗೆ ಸಹೋದರಿಯಾದರೂ ಗಾಬರಿಯಲ್ಲಿರುವವನಿಗೆ ಅದು ನೆರವಾಗದು. ಕನ್ನಡದಲ್ಲಿ ಒತ್ತಿದರೆ ತೆಲುಗಿನಲ್ಲಿಯೂ ಉರ್ದುವಿನಲ್ಲಿಯೂ ದೊಡ್ಡ ಅಕ್ಷರದಲ್ಲಿ ಮೂಡುವ, ಧ್ವನಿಯಲ್ಲಿಯೂ ಕೇಳಿಸುವ ಇಪ್ಪತ್ತು ವಾಕ್ಯಗಳು ಸಾಕು: ‘ಇವರಿಗೆ ಸಕ್ಕರೆ ಕಾಯಿಲೆ ಇದೆ’, ‘ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ’.

ನಾಲ್ಕನೆಯದು ಒಂದು ಆರೋಗ್ಯ ಪುಟ. ಈ ಸ್ಮರಣ ಸಂಚಿಕೆಗೆ ಬರೆಯುವ ವೈದ್ಯ ಸದಸ್ಯರೇ ಅದನ್ನು ಸಿದ್ಧಪಡಿಸಬಹುದು. ರಕ್ತದಲ್ಲಿ ಸಕ್ಕರೆ ಕುಸಿದವರಿಗೆ ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡುವುದು, ಹದಿನೈದು ನಿಮಿಷ ಕಾದು ನೋಡುವುದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡುವುದು. 108ರ ಸೇವೆ 2005ರಲ್ಲಿ ಆರಂಭವಾದುದು ಇದೇ ಹೈದರಾಬಾದಿನಲ್ಲಿ. ಕರ್ನಾಟಕಕ್ಕೆ ಅದು 2008ರಲ್ಲಿ ಬಂದಿತು. ಹಳ್ಳಿಯವರಿಗೂ ಪರಿಚಿತವಾದ ಆ ಅಂಕಿ ಇಲ್ಲಿಯೂ ಸಲ್ಲುತ್ತದೆಯೆಂಬುದನ್ನು ಅವರಿಗೆ ತಿಳಿಸುವುದೇ ಒಂದು ಉಪಕಾರ.

“ಇಷ್ಟೇ ಇದ್ದರೆ ಆ್ಯಪನ್ನು ಯಾರೂ ಹಾಕಿಕೊಳ್ಳುವುದಿಲ್ಲ, ಅಂಕಲ್” ಎಂದು ತರುಣರು ಹೇಳಬಹುದು. ಅದರಲ್ಲಿ ಸತ್ಯಾಂಶವಿದೆ, ಅಂದಚಂದ ಬೇಡವೆಂದು ನಾನೂ ಹೇಳಲಾರೆ. ಆದರೆ ಪ್ರತಿಯೊಂದು ಸೌಲಭ್ಯವೂ ಒಂದು ಹೊಣೆಗಾರಿಕೆ. ವಾಣಿಜ್ಯ ಶಾಸ್ತ್ರದ ವಿದ್ಯಾರ್ಥಿಗಳು ಯಂತ್ರಕ್ಕೆ ಪ್ರತಿವರ್ಷ ಸವಕಳಿ ಬರೆಯುವುದನ್ನು ಕಲಿಯುತ್ತಾರೆ, ಮಾಹಿತಿಗೂ ಸವಕಳಿಯುಂಟು. ಬಸ್ಸಿನ ವೇಳೆ, ಪ್ರವೇಶ ಶುಲ್ಕ, ರಜಾದಿನ ಇವೆಲ್ಲ ಬದಲಾಗುತ್ತವೆ. ಲೆಕ್ಕಪತ್ರದಲ್ಲಿ ‘ಇಂಥ ದಿನಾಂಕಕ್ಕೆ ಇದ್ದಂತೆ’ ಎಂದು ನಮೂದಿಸುವಂತೆ, ಆ್ಯಪಿನ ಪ್ರತಿಯೊಂದು ವಿವರದ ಕೆಳಗೂ ಪರಿಶೀಲಿಸಿದ ದಿನಾಂಕವಿರಲಿ. ಯಾವ ವಿವರವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸಲು ಒಬ್ಬ ಸದಸ್ಯ ಮುಂದೆ ಬರುವುದಿಲ್ಲವೋ ಆ ವಿವರ ಆ್ಯಪಿನಲ್ಲಿ ಬೇಡ. ತಪ್ಪು ದಾರಿ ತೋರುವ ಕೈಮರಕ್ಕಿಂತ ಕೈಮರವಿಲ್ಲದಿರುವುದೇ ಲೇಸು.

ಇನ್ನೊಂದು ಮಾತು. ಪ್ರವಾಸಿಯ ಹೆಸರು, ದೂರವಾಣಿ ಸಂಖ್ಯೆ, ಅವನು ನಿಂತ ಜಾಗ ಇವನ್ನು ಕೇಳುವ ಅಗತ್ಯ ನಮಗಿಲ್ಲ. 2023ರಲ್ಲಿ ನಮ್ಮ ದೇಶದಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಶಾಸನವಾಗಿದೆ. ಶಾಸನವಿಲ್ಲದಿದ್ದರೂ, ಮನೆಗೆ ಬಂದ ಅತಿಥಿಯ ಗಂಟನ್ನು ಬಿಚ್ಚಿ ನೋಡುವುದು ನಮ್ಮ ಸಂಪ್ರದಾಯವಲ್ಲ.

ಮೂವತ್ತು ಸೌಲಭ್ಯಗಳ ಬದಲು ಮೊದಲ ವರ್ಷ ಈ ನಾಲ್ಕನ್ನು, ಹತ್ತು ಸ್ಥಳಗಳಿಗೆ ಮಾತ್ರ, ಆದರೆ ಸರಿಯಾಗಿ ಮಾಡೋಣ ಎಂಬುದು ನನ್ನ ನಮ್ರ ಸಲಹೆ. ಹಣಕ್ಕಿಂತ ಹೆಚ್ಚಾಗಿ ಇದಕ್ಕೆ ಕಾಲು ಬೇಕು. ಪ್ರತಿ ಭಾನುವಾರ ಒಂದು ಸ್ಥಳಕ್ಕೆ ಹೋಗಿ ಮೆಟ್ಟಿಲು ಎಣಿಸಿ ಬರುವ ಇಬ್ಬರು ಬೇಕು. ಗೋಲ್ಕೊಂಡದ ಮೆಟ್ಟಿಲುಗಳನ್ನು ಎಣಿಸುವ ಕೆಲಸಕ್ಕೆ ನನ್ನ ಹೆಸರನ್ನೂ ನನ್ನ ಮಗನ ಹೆಸರನ್ನೂ ಬರೆದುಕೊಳ್ಳಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ.